ಕುರಿ ಓದಲು ನ್ಯೂಜಿಲೆಂಡಿಗೆ

ಪಶುವೈದ್ಯ ಪದವಿ ಮುಗಿಸಿದ ನನ್ನ ಅಣ್ಣನ ಮೊಮ್ಮಗಳು, ಕುರಿ ಸಾಕಣೆಯಲ್ಲಿ ಮೇಲಿನ ಓದಿಗೆ ನ್ಯೂಜಿಲೆಂಡಿಗೆ ಹೋಗುತ್ತೇನೆ ಎಂದ ದಿನ ನಮ್ಮ ಮನೆಯಲ್ಲಿ ಯಾರೂ ಗಾಬರಿಯಾಗಲಿಲ್ಲ. ಎಲ್ಲರೂ ನಕ್ಕರು. ಮುತ್ತಾತನ ಕಾಲದಿಂದ ಕುರಿ ಕಾಯುತ್ತ ಬಂದ ಮನೆ ನಮ್ಮದು. ಅದೇ ಮನೆಯ ಹುಡುಗಿ ಕುರಿಯ ವಿಷಯ ತಿಳಿಯಲು ಸಮುದ್ರ ದಾಟುವುದೆಂದರೆ ಯಾರಿಗೆ ನಗು ಬರುವುದಿಲ್ಲ?

"ಕುರಿ ಕಾಯಾದು ಕಲಿಯಾಕೆ ಇಮಾನ ಹತ್ತಬೇಕೇನೇ?" ಎಂದು ಅಣ್ಣ ಕೇಳಿದ. "ಹಿತ್ತಲಾಗೇ ಅವೆ. ಎದ್ದು ಹೋಗಿ ಕಾಯಿ."

"ಅಜ್ಜ, ಅಲ್ಲಿ ಕುರಿ ಮೇಲೆ ದೊಡ್ಡ ದೊಡ್ಡ ಸಂಶೋಧನೆ ನಡೀತವೆ."

"ಕುರಿ ಮ್ಯಾಲಾ? ಪಾಪ, ಅವೇನ್ ತಪ್ಪು ಮಾಡಿದ್ವು?"

ನಾನು ಹೊಳಲ್ಕೆರೆಯ ಹೈಸ್ಕೂಲೊಂದರಲ್ಲಿ ದೈಹಿಕ ಶಿಕ್ಷಣ ಶಿಕ್ಷಕನಾಗಿದ್ದು ನಿವೃತ್ತನಾದವನು. ಇಬ್ಬರು ಗಂಡುಮಕ್ಕಳಲ್ಲಿ ಒಬ್ಬ ಕುರಿಗೆ, ಒಬ್ಬ ಶಾಲೆಗೆ ಎಂದು ಅಪ್ಪ ಹಂಚಿಕೆ ಮಾಡಿದಾಗ ನಾನು ಸಿರಿಗೆರೆಯ ಹಾಸ್ಟೆಲ್ಲಿನ ಪಾಲಾದೆ. ಗಂಟೆ ಹೊಡೆದರೆ ಏಳುವುದು, ಗಂಟೆ ಹೊಡೆದರೆ ಉಣ್ಣುವುದು, ಗಂಟೆ ಹೊಡೆದರೆ ಮಲಗುವುದು. ಅದು ಮೈಗೆ ಹತ್ತಿಬಿಟ್ಟಿತು. ಇಂದಿಗೂ ಟವೆಲನ್ನು ಅಂಚಿಗೆ ಅಂಚು ಕೂಡಿಸಿ ಮಡಚಿಡದೆ ಮನೆಯಿಂದ ಹೊರಗೆ ಕಾಲಿಡುವುದಿಲ್ಲ. ಅಣ್ಣ ಅಪ್ಪನ ಮಂದೆಯೊಂದಿಗೆ ಉಳಿದ; ಹೊರಕೆರೆದೇವಪುರದ ಹತ್ತಿರ ನಮ್ಮ ಹಳ್ಳಿಯಲ್ಲಿ ಈಗಲೂ ಇದ್ದಾನೆ. ಹುಡುಗಿಯ ಅಪ್ಪ ಅಮ್ಮನಿಗೆ ಹೊಸದುರ್ಗದಲ್ಲಿ ನೌಕರಿ. ಅವಳು ಬೆಳೆದದ್ದು ಮಾತ್ರ ಅಜ್ಜನ ಜೊತೆ, ಕುರಿಗಳ ನಡುವೆ.

ನಗು ಮುಗಿದ ಮೇಲೆ ಅವಳು ಸುಮ್ಮನೆ ಅರ್ಜಿ ಹಾಕಿದಳು. ಅಲ್ಲಿನ ವಿಶ್ವವಿದ್ಯಾಲಯದ ಪ್ರೊಫೆಸರೊಬ್ಬರು ತಮ್ಮ ಯೋಜನೆಯಲ್ಲಿ ಅವಳನ್ನು ತೆಗೆದುಕೊಳ್ಳಲು ಆಸಕ್ತಿ ತೋರಿಸಿದರು. ಶಿಷ್ಯವೇತನವೂ ಸಿಗುತ್ತಿತ್ತು, ಅದು ಸಿಗದಿದ್ದರೆ ಅವಳು ಹೋಗುವ ಮಾತೇ ಇರಲಿಲ್ಲ. ಒಂದೇ ಒಂದು ಷರತ್ತು. ಚಿಕ್ಕಂದಿನಿಂದ ಮನೆಯ ಮಂದೆಯನ್ನು ನೋಡಿಕೊಂಡಿದ್ದೇನೆ ಎಂದು ಇವಳು ಅರ್ಜಿಯಲ್ಲಿ ಬರೆದಿದ್ದಳಲ್ಲ, ಆ ಮಂದೆಯ ಯಜಮಾನರ ಜೊತೆ ತಾವು ವಿಡಿಯೊದಲ್ಲಿ ಮಾತಾಡಬೇಕು. ಅವಳ ಕೆಲಸದ ಬಗ್ಗೆ ಅವರ ಬಾಯಲ್ಲೇ ಕೇಳಬೇಕು. ಮಾತನ್ನು ಅನುವಾದಿಸಲು ಬೇರೆ ಯಾರಾದರೂ ಇರಲಿ, ಅಭ್ಯರ್ಥಿ ಬೇಡ.

ಬೇರೆ ಯಾರಾದರೂ ಎಂದರೆ ನಾನೇ. ನನ್ನ ಇಂಗ್ಲಿಷ್ ಆಟದ ಮೈದಾನದ ಇಂಗ್ಲಿಷ್. ಅದರಲ್ಲಿ ಆಜ್ಞೆಗಳಿವೆ, ವಿವರಣೆಗಳಿಲ್ಲ. ಆದರೆ ತೊಂದರೆ ನನ್ನ ಇಂಗ್ಲಿಷಿನದಲ್ಲ, ಅಣ್ಣನ ಕನ್ನಡದ್ದು.

ನಮ್ಮ ಮನೆತನದಲ್ಲಿ ಕುರಿಗಳ ಸಂಖ್ಯೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ತಮ್ಮ ಕುರಿಯನ್ನಾಗಲಿ ತಮ್ಮ ಮಗುವನ್ನಾಗಲಿ ಹೊಗಳುವುದಿಲ್ಲ. ದೃಷ್ಟಿಯಾಗುತ್ತದೆ. ಬೇರೆಯವರು ಹೊಗಳಿದರೆ ತಕ್ಷಣ ಉಗಿದು ಅದನ್ನು ಕಳೆಯಬೇಕು. ಮಂದೆಯಲ್ಲೇ ಚೆಂದದ ಟಗರನ್ನು ಅಣ್ಣ 'ದರಿದ್ರ' ಎಂದು ಕರೆಯುತ್ತಾನೆ, ಅದು ಓಡಿ ಬರುತ್ತದೆ. ಹೊಸದುರ್ಗದ ಸಂತೆಯಲ್ಲಿ ಮಾರುವಾಗಲೂ ಇದೇ ಭಾಷೆ. "ಇದನ್ನ ತಗಂಡು ಏನ್ ಮಾಡ್ತಿಯಪ್ಪ, ಇವತ್ತೋ ನಾಳೆಯೋ ಅನ್ನಂಗೈತೆ" ಎನ್ನುತ್ತಾನೆ. ಅವನನ್ನು ಬಲ್ಲ ವ್ಯಾಪಾರಿಗಳು ಆ ಮಾತು ಕೇಳಿದ್ದೇ ಹಗ್ಗಕ್ಕೆ ಕೈ ಹಾಕುತ್ತಾರೆ. ನಾನೋ ಎಣಿಕೆಯ ಮನುಷ್ಯ. ಸಾಲಿನಲ್ಲಿ ನಿಲ್ಲಿಸಿ ಎಣಿಸದೆ ಮಕ್ಕಳನ್ನು ನೀರು ಕುಡಿಯಲೂ ಬಿಟ್ಟವನಲ್ಲ.

ತಾಲೀಮು ಶುರು ಮಾಡಿದೆ. ದಿನಾ ಬೆಳಿಗ್ಗೆ ಹೊಳಲ್ಕೆರೆಯಿಂದ ಸ್ಕೂಟರಿನಲ್ಲಿ ಹಳ್ಳಿಗೆ ಹೋಗಿ, ಪಡಸಾಲೆಯಲ್ಲಿ ಕುರ್ಚಿ ಹಾಕಿಕೊಂಡು ಪ್ರೊಫೆಸರ್ ಆಗುತ್ತಿದ್ದೆ.

"ನಿಮ್ಮಲ್ಲಿ ಎಷ್ಟು ಕುರಿಗಳಿವೆ?"

"ಅವೆ."

"ಎಷ್ಟು?"

"ನಿಂಗ್ ಗೊತ್ತಿಲ್ವೇನಲೇ? ನಿನ್ನೆ ತಾನೆ ನೋಡ್ಕಂಡ್ ಹೋಗಿದಿಯ."

"ನಾನೀಗ ನಿನ್ನ ತಮ್ಮ ಅಲ್ಲಣ್ಣ. ನ್ಯೂಜಿಲೆಂಡಿನ ಪ್ರೊಫೆಸರು."

"ಪ್ರೊಫೆಸರಾದ್ರೆ ನಮ್ಮನೆ ಚಾ ಯಾಕ್ ಕುಡೀತಿದಿ? ಇಡು ಕೆಳಗೆ."

ಲೋಟ ಕೆಳಗಿಟ್ಟೆ. "ನಿಮ್ಮ ಮೊಮ್ಮಗಳು ಕೆಲಸದಲ್ಲಿ ಹೇಗೆ?"

"ಇವ್ಳಾ? ಶುದ್ಧ ಮೈಗಳ್ಳಿ."

ಹುಡುಗಿ ಕಂಬಕ್ಕೆ ಒರಗಿ ನಿಂತು ಕೇಳುತ್ತಿದ್ದಳು. ಒಳಗಿನಿಂದ ಅತ್ತಿಗೆ ಗದರಿದಳು. "ಅದೊಂದು ಒಳ್ಳೆ ಮಾತು ಆಡಿದ್ರೆ ನಿಮ್ ಗಂಟೇನ್ ಹೋಗ್ತದೆ? ಹುಡುಗಿ ಮಕ ನೋಡ್ರಿ, ಹೆಂಗ್ ಬಾಡೈತೆ."

"ಒಳ್ಳೆ ಮಾತಾಡಿ, ಅಲ್ಲಿಗೋಗಿ ಇವ್ಳು ಜ್ವರ ಬಂದು ಮಲಗ್ಲಿ ಅಂತಿಯೇನು? ಅಲ್ಲಿ ಯಾರವ್ರೆ ನೋಡ್ಕಳಾಕೆ?" ಎಂದ ಅಣ್ಣ. ಅತ್ತಿಗೆಗೂ ಅದೇ ಭಯ.

ವಾರ ಕಳೆದರೂ ಅವನು 'ಮೈಗಳ್ಳಿ'ಯಿಂದ ಒಂದು ಹೆಜ್ಜೆ ಮುಂದೆ ಬರಲಿಲ್ಲ. ಕೊನೆಗೆ ಹುಡುಗಿಯನ್ನು ಕರೆದುಕೊಂಡು ಚಿತ್ರದುರ್ಗಕ್ಕೆ ಹೋದೆ. ಅರ್ಜಿ ಹಾಕುವಾಗ ಸಲಹೆ ಕೊಟ್ಟವನ ಕಚೇರಿ ಅಲ್ಲಿತ್ತು. ಗೋಡೆ ತುಂಬ ದೇಶವಿದೇಶದ ಬಾವುಟಗಳು, ನಡುವೆ ಒಂದು ಫ್ಯಾನು. ಚುರುಕಾದ ಯುವಕ. ನಮ್ಮ ಕಷ್ಟವನ್ನು ಪೂರ್ತಿ ಕೇಳಿ ಕುರ್ಚಿ ಮುಂದಕ್ಕೆಳೆದುಕೊಂಡ.

"ಸರ್, ಇದಕ್ಯಾಕ್ ತಲೆ ಕೆಡಿಸ್ಕತೀರಿ? ಈ ಅಜ್ಜ ಸರಿ ಹೋಗ್ಲಿಲ್ಲ ಅಂದ್ರೆ ಬ್ಯಾರೆ ಅಜ್ಜನ್ನ ಕೂರ್ಸಾಣ."

ಅರ್ಥವಾಗದೆ ನೋಡಿದೆ. ಅವನು ಫೋನಿನಲ್ಲಿ ಒಂದು ಫೋಟೊ ತೋರಿಸಿದ. ಬಿಳಿ ರುಮಾಲು, ಬಿಳಿ ಜುಬ್ಬ, ಎರಡೂ ಕಡೆ ಹುರಿ ಮಾಡಿದ ಮೀಸೆ.

"ಹಿರಿಯೂರಿನೋರು. ಮೊದ್ಲು ನಾಟಕದಾಗೆ ಪಾರ್ಟ್ ಮಾಡ್ತಿದ್ರು. ಈ ವರ್ಷ ನಮ್ಮಲ್ಲಿ ಇಬ್ರಿಗೆ ದೊಡ್ಡಪ್ಪ, ಒಬ್ರಿಗೆ ಫ್ಯಾಕ್ಟ್ರಿ ಓನರ್ ಆಗವ್ರೆ. ಇಂಗ್ಲಿಷ್ ಬರ್ತದೆ. ಬೇಕಂದ್ರೆ ಕಣ್ಣೀರೂ ಹಾಕ್ತಾರೆ."

"ಮತ್ತೆ ಕುರಿ?" ಎಂದೆ.

"ಕುರಿ ನಿಮ್ದೇ ಇರ್ಲಿ ಸರ್."

ನಾನು ಬಾಯಿ ತೆರೆಯುವ ಮೊದಲೇ ಹುಡುಗಿ ಎದ್ದು ನಿಂತಿದ್ದಳು. "ನಡಿ ಸಣ್ಣಜ್ಜ, ಹೋಗಾಣ." ಹೊಳಲ್ಕೆರೆಯ ಬಸ್ಸಿನಲ್ಲಿ ಕೂತ ಮೇಲೆ ಹೇಳಿದಳು. "ಸೀಟು ಹೋದ್ರೆ ಹೋಗ್ಲಿ. ಆ ಮೀಸೆಯೋರ್ನ ಅಜ್ಜ ಅಂತ ಕರಿಯಾಕೆ ನನ್ ಕೈಲಾಗಲ್ಲ. ಇನ್ನೊಂದು ಮಾತು. ಅಜ್ಜ ಏನ್ ಹೇಳ್ತಾನೋ ಅದನ್ನೇ ನೀನು ಇಂಗ್ಲಿಷಿನಾಗೆ ಹೇಳು. ಮಧ್ಯ ಸಕ್ರೆ ಬೆರೆಸಬ್ಯಾಡ. ಆಮೇಲೆ ಆ ಪ್ರೊಫೆಸರಮ್ಮನ ಮುಂದೆ ಎರಡು ವರ್ಷ ನಾನು ತಲೆ ಎತ್ತಿ ಓಡಾಡಬೇಕು."

ಒಪ್ಪಿದೆ. ಅವಳ ಸೀಟು ಈಗ ಪೂರ್ತಿಯಾಗಿ ಅಣ್ಣನ ನಾಲಿಗೆಯ ಮೇಲೆ ನಿಂತಿತ್ತು.

ಬಾಡಿಗೆ ಅಜ್ಜನ ಸುದ್ದಿಯನ್ನು ಅಣ್ಣನಿಗೆ ಹೇಳಿದೆ. ಅವನು ಕೇಳಿದ್ದು ಒಂದೇ ಪ್ರಶ್ನೆ.

"ಮೀಸೆ ಹೆಂಗಿತ್ತು?"

"ಚೆನ್ನಾಗಿತ್ತು."

ಮರುದಿನ ನೋಡಿದರೆ ಅಣ್ಣ ಕ್ಷೌರ ಮಾಡಿಸಿಕೊಂಡು ಮೀಸೆಗೆ ಎಣ್ಣೆ ಹಚ್ಚಿದ್ದ.

ಅಲ್ಲಿನ ಮಧ್ಯಾಹ್ನಕ್ಕೆ ಹೊಂದುವಂತೆ ಕರೆ ಇಲ್ಲಿ ನಸುಕಿಗೆ ನಿಗದಿಯಾಯಿತು. ಕುರಿಗಳನ್ನೂ ನೋಡಬೇಕು ಎಂದು ಪ್ರೊಫೆಸರ್ ಹೇಳಿದ್ದರಿಂದ ಮುಳ್ಳುಬೇಲಿಯ ಕುರಿರೊಪ್ಪದ ಬಾಗಿಲಲ್ಲೇ ಸ್ಕೂಟರ್ ನಿಲ್ಲಿಸಿ, ಅದರ ಸೀಟಿನ ಮೇಲೆ ಫೋನನ್ನು ಒರಗಿಸಿಟ್ಟೆ. ಅಣ್ಣನಿಗೆ ನಾನೇ ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಡಿಸಿದ್ದೆ. ಅದು ನನ್ನ ಲೆಕ್ಕಾಚಾರದ ತಪ್ಪು. ಅವನನ್ನು ಆ ಅಂಗಿಯಲ್ಲಿ ಎಂದೂ ನೋಡದ ನಾಯಿ, ಯಾರೋ ಕಳ್ಳ ಬಂದನೆಂದು ಅವನ ಮೇಲೆಯೇ ಬೊಗಳಲು ಶುರು ಮಾಡಿತು. ನಾಯಿಯನ್ನು ನಂಬಿ ಕುರಿಗಳೆಲ್ಲ ರೊಪ್ಪದ ಆ ಮೂಲೆಗೆ ಒತ್ತಿಕೊಂಡು ನಿಂತವು. ಫೋನಿನಲ್ಲಿ ಪ್ರೊಫೆಸರ್ ಕಾಣಿಸಿಕೊಂಡಾಗ ಅವರಿಗೆ ಮೊದಲು ಕಂಡದ್ದು, ತನ್ನ ನಾಯಿಯಿಂದಲೇ ತಪ್ಪಿಸಿಕೊಳ್ಳಲು ಒದ್ದಾಡುತ್ತಿದ್ದ ಯಜಮಾನ.

"ಅಂಗಿ ಬಿಚ್ತಿನಿ ತಡಿಯಲೇ."

"ಬಿಚ್ಚಬ್ಯಾಡಣ್ಣ, ಆಯಮ್ಮ ನೋಡ್ತಾವ್ರೆ!"

ಹುಡುಗಿ ಓಡಿಹೋಗಿ ಕಂಬಳಿ ತಂದು ಎಸೆದಳು. ಅಣ್ಣ ಅಂಗಿಯ ಮೇಲೆ ಅದನ್ನು ಹೊದ್ದುಕೊಂಡ. ನಾಯಿ ಬಾಲ ಅಲ್ಲಾಡಿಸಿ ಮಲಗಿತು, ಕುರಿಗಳು ಮುಂದಕ್ಕೆ ಬಂದವು. ಹುಡುಗಿ ಕ್ಯಾಮರಾಕ್ಕೆ ಕಾಣದಂತೆ ಸ್ಕೂಟರಿನ ಹಿಂದೆ ನಿಂತಳು.

ಪ್ರೊಫೆಸರ್ ನಮ್ಮ ವಯಸ್ಸಿನವರೇ, ಕೆಂಪು ಕೆನ್ನೆಯ ಹೆಂಗಸು. ಕಣ್ಣು ಅರಳಿಸಿ, ಎಷ್ಟು ಸುಂದರವಾದ ಕುರಿಗಳು ಎಂದರು.

"ಏನಂತೆ ಆಯಮ್ಮಂದು?" ಎಂದು ಅಣ್ಣ ಕೇಳಿದ.

"ಕುರಿ ಬಹಳ ಚೆನ್ನಾಗಿವೆ ಅಂತಾರೆ."

ಅಣ್ಣ ಫೋನಿನ ಕಡೆ ತಿರುಗಿ ಮೂರು ಸಲ ಉಗಿದ. "ಥೂ, ಥೂ, ಥೂ!"

ನನ್ನ ಮೈದಾನದ ಇಂಗ್ಲಿಷಿನಲ್ಲಿ ಇದಕ್ಕೆ ಶಬ್ದವಿರಲಿಲ್ಲ. ಕುರಿಗಳ ಆರೋಗ್ಯಕ್ಕಾಗಿ ಎಂದು ವಿವರಿಸಿದೆ. ಅವರು ಗಂಭೀರವಾಗಿ ತಲೆಯಾಡಿಸಿ ಏನೋ ಬರೆದುಕೊಂಡರು. ಯಾವುದೋ ಚಿಕಿತ್ಸೆ ಎಂದು ತಿಳಿದಿರಬೇಕು. ಆಮೇಲೆ ಕೇಳಿದರು: ಎಷ್ಟು ಕುರಿಗಳಿವೆ?

"ಅವೆ" ಎಂದ ಅಣ್ಣ.

ಇದ್ದದ್ದನ್ನೇ ಹೇಳುತ್ತೇನೆಂದು ಮಾತು ಕೊಟ್ಟಿದ್ದೆನಲ್ಲ. "ಆಲ್ ಪ್ರೆಸೆಂಟ್, ಮೇಡಂ" ಎಂದೆ.

ಅದು ಸಂತೋಷ, ಆದರೆ ಸಂಖ್ಯೆ ಎಷ್ಟು ಎಂದರು. ಅಣ್ಣನನ್ನು ಮತ್ತೆ ಕೇಳಿದೆ. "ಒಂದೂ ಎಲ್ಲೂ ಹೋಗಿಲ್ಲ ಅಂತ ಹೇಳಲೇ." ಅದನ್ನೂ ಹೇಳಿದೆ. ಪ್ರೊಫೆಸರ್ ಪೆನ್ನಿನ ತುದಿಯಿಂದ ಕುರಿಗಳನ್ನು ತಾವೇ ಎಣಿಸತೊಡಗಿದರು. ಅದು ಅಣ್ಣನ ಕಣ್ಣಿಗೆ ಬಿತ್ತು. ತಟ್ಟನೆ ಎರಡೂ ಕೈ ಚಾಚಿ, ಕಂಬಳಿಯನ್ನು ಪರದೆಯಂತೆ ಹರಡಿ ಫೋನಿಗೆ ಅಡ್ಡ ನಿಂತ. ಸ್ವಲ್ಪ ಹೊತ್ತು ನ್ಯೂಜಿಲೆಂಡಿಗೆ ಕರಿಯ ಉಣ್ಣೆಯ ಹೊರತು ಏನೂ ಕಾಣದೆ ಇದ್ದಿರಬೇಕು.

ಎಣಿಸಬಾರದಂತೆ ಎಂದು ನಾನು ತಿಳಿಸಿದೆ. ಅವರು ಕ್ಷಮೆ ಕೇಳಿ ಪೆನ್ನು ಕೆಳಗಿಟ್ಟರು. ಅಣ್ಣ ಕಂಬಳಿ ಇಳಿಸಿದ.

ಈಗ ಹುಡುಗಿಯ ವಿಷಯ ಬಂತು. ಅವಳ ಕೆಲಸ ಹೇಗೆ?

"ಶುದ್ಧ ಮೈಗಳ್ಳಿ. ಹೊತ್ತು ನೆತ್ತಿಗೆ ಬಂದ್ರೂ ಏಳಲ್ಲ. ಕೈಯಾಗೆ ಕೋಲು ಹಿಡಿಯಾಕೆ ಬರಲ್ಲ. ಇವಳ್ನ ಕಟ್ಕಂಡು ಆಯಮ್ಮ ಏನ್ ಮಾಡ್ತಾಳಂತೆ?"

ಸ್ಕೂಟರಿನ ಹಿಂದೆ ಹುಡುಗಿ ಕಣ್ಣು ಮುಚ್ಚಿಕೊಂಡಳು. ನಾನು ಅಟೆನ್ಷನ್ನಿನಲ್ಲಿ ನಿಂತು ಒಂದೊಂದು ವಾಕ್ಯವನ್ನೂ ಇಂಗ್ಲಿಷಿಗೆ ತಂದೆ. ಶೀ ಈಸ್ ಲೇಜಿ, ಮೇಡಂ. ಶೀ ವಿಲ್ ನಾಟ್ ಗೆಟ್ ಅಪ್. ಮೂವತ್ತು ವರ್ಷ ಮಕ್ಕಳಿಗೆ ಸತ್ಯ ಹೇಳಿ ಎಂದು ಬೋಧಿಸಿದವನು ನಾನು. ಅಂದು ನನಗೇ ಸುಳ್ಳು ಹೇಳುವ ಆಸೆ ಗಂಟಲವರೆಗೆ ಬಂದಿತ್ತು.

ಪ್ರೊಫೆಸರ್ ಅಣ್ಣನನ್ನೇ ನೋಡಿದರು. ಆಮೇಲೆ ಕೇಳಿದರು: ನೀವು ಎಂದಾದರೂ ಮಂದೆಯನ್ನು ಇವಳೊಬ್ಬಳ ಕೈಗೆ ಬಿಟ್ಟು ಹೋಗಿದ್ದೀರಾ?

"ಬಿಡ್ದೆ? ಹೋದ ವರ್ಷ ಕಣ್ಣಿನ ಆಪರೇಸನ್ ಆದಾಗ ದುರ್ಗದಾಗೆ ಮಲಗಿದ್ನಲ್ಲ. ಇವಳ ಕೈಗೇ ಬಿಟ್ಟಿದ್ದೆ. ಇನ್ಯಾರ ಕೈಗೆ ಬಿಡ್ಲಿ?"

ತಿರುಗಿ ಬಂದಾಗ ಕುರಿಗಳು ಹೇಗಿದ್ದವು?

ಅಣ್ಣ ಕಂಬಳಿಯ ಅಂಚನ್ನು ಹಿಡಿದು ತಿರುಚಿದ. ಚೆನ್ನಾಗಿದ್ದವು ಎಂದರೆ ದೃಷ್ಟಿ. ಕೆಟ್ಟು ಹೋಗಿದ್ದವು ಎಂದರೆ ಹುಡುಗಿಯ ಸೀಟು ಹೋಗುತ್ತದೆ. ಅವನಿಗೂ ಅದು ಗೊತ್ತಿತ್ತು. ಗೊತ್ತಿತ್ತು ಎಂಬುದು ನನಗೆ ತಿಳಿದದ್ದು ಆ ಕೈಯನ್ನು ನೋಡಿದಾಗಲೇ.

"ನಾನು ಬಿಟ್ಟು ಹೋದಾಗ ಎಷ್ಟು ದರಿದ್ರವಾಗಿದ್ವೋ, ಬಂದಾಗ್ಲೂ ಅಷ್ಟೇ ದರಿದ್ರವಾಗಿದ್ವು" ಎಂದ. "ಒಂದು ಕೂದಲಷ್ಟೂ ಹೆಚ್ಚು ಕಮ್ಮಿ ಇಲ್ಲ."

ಹಾಗೆಯೇ ಹೇಳಿದೆ. ಎಷ್ಟು ಕೆಟ್ಟದಾಗಿ ಬಿಟ್ಟುಹೋಗಿದ್ದರೋ ಅಷ್ಟೇ ಕೆಟ್ಟದಾಗಿದ್ದವಂತೆ, ಮೇಡಂ. ಪ್ರೊಫೆಸರ್ ತಮ್ಮ ಮುಂದೆ ತುಂಬಿ ನಿಂತಿದ್ದ ಕುರಿಗಳನ್ನು ನೋಡಿದರು. ಬೆನ್ನು ಅಗಲವಾಗಿ, ಉಣ್ಣೆ ದಟ್ಟವಾಗಿ, ಮೇವು ಮೆಲುಕು ಹಾಕುತ್ತಿದ್ದ ಕುರಿಗಳು. ಕುರ್ಚಿಗೆ ಒರಗಿ ಜೋರಾಗಿ ನಕ್ಕರು. ನಗು ನಿಂತ ಮೇಲೆ ಏನೋ ಬರೆದುಕೊಂಡು, ತಮಗೆ ತಿಳಿಯಬೇಕಾದ್ದು ತಿಳಿಯಿತು ಎಂದರು.

ಅಲ್ಲಿಗೆ ಮುಗಿಯಿತೆಂದು ನಾನು ಉಸಿರು ಬಿಡುವಷ್ಟರಲ್ಲಿ ಕೊನೆಯ ಪ್ರಶ್ನೆ ಬಂತು. ಇವಳು ಇಲ್ಲಿಗೆ ಬಂದರೆ ಮಂದೆಗೆ ಯಾರು? ಅದಕ್ಕೊಂದು ವ್ಯವಸ್ಥೆಯಿಲ್ಲದೆ ಅವಳನ್ನು ಕರೆಸಿಕೊಳ್ಳಲು ತಮಗೆ ಮನಸ್ಸಿಲ್ಲ.

ಅನುವಾದಿಸಿದೆ. ಅಣ್ಣ ಒಂದು ಕ್ಷಣವೂ ಯೋಚಿಸಲಿಲ್ಲ.

"ಇದಾನಲ್ಲ ಇವ್ನು, ನನ್ ತಮ್ಮ. ರಿಟೈರಾಗಿ, ಹೊಳಲ್ಕೆರೆಯಾಗೆ ಟವೆಲ್ ಮಡಚ್ಕಂಡು ಕುಂತವ್ನೆ."

ನಾನು ಅನುವಾದಿಸುವುದನ್ನು ಬಿಟ್ಟು ಅಣ್ಣನ ಕಡೆ ತಿರುಗಿದೆ.

"ಹೇಳಲೇ" ಎಂದ ಅಣ್ಣ. "ಆಯಮ್ಮ ಕಾಯ್ತಾವಳೆ."

"ಅವರ ತಮ್ಮ ನೋಡಿಕೊಳ್ಳುತ್ತಾರಂತೆ, ಮೇಡಂ" ಎಂದೆ.

ತಮ್ಮ ಒಪ್ಪಿದ್ದಾರೆಯೇ ಎಂದು ಅವರು ಕೇಳಿದರು.

ಸ್ಕೂಟರಿನ ಹಿಂದೆ ಹುಡುಗಿ ಕಣ್ಣು ತೆರೆದಿದ್ದಳು. ಸಕ್ಕರೆ ಬೆರೆಸಬೇಡ ಎಂದವಳು ಈಗ ಉಸಿರು ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದಳು. ಬೆಳಿಗ್ಗೆಯ ವ್ಯಾಯಾಮ, ಪತ್ರಿಕೆ, ಮಧ್ಯಾಹ್ನದ ನಿದ್ದೆ, ಸಂಜೆಯ ನಡಿಗೆ ಎಲ್ಲ ಸಾಲಾಗಿ ನನ್ನ ಕಣ್ಣ ಮುಂದೆ ಹಾದುಹೋದವು.

"ಯೆಸ್ ಮೇಡಂ" ಎಂದೆ. "ಆ ತಮ್ಮ ನಾನೇ."

ತಿಂಗಳೊಳಗೆ ಶಿಷ್ಯವೇತನದ ಪತ್ರ ಬಂತು. ಅವಳನ್ನು ಬೆಂಗಳೂರಿಗೆ ಕರೆದೊಯ್ಯಲು ಅಪ್ಪ ಅಮ್ಮ ಬಂದ ದಿನ ಅಣ್ಣ ಮಂದೆ ಬಿಟ್ಟು ಅಲ್ಲಾಡಲಿಲ್ಲ. ಅವಳೇ ಗುಡ್ಡದವರೆಗೆ ನಡೆದು ಹೋಗಿ ಕಾಲಿಗೆ ನಮಸ್ಕರಿಸಿ ಬಂದಳು. ಅಲ್ಲಿ ಏನು ಮಾತಾಡಿದರೋ ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಮರುದಿನ ಕತ್ತಲಿರುವಾಗಲೇ ಎದ್ದು ಬೂಟು ಕಟ್ಟಿಕೊಂಡು ರೊಪ್ಪದ ಬಾಗಿಲಲ್ಲಿ ಹಾಜರಾದೆ. ಅಣ್ಣ ಕಲ್ಲಿನ ಮೇಲೆ ಕೂತು ಬೀಡಿ ಸೇದುತ್ತಿದ್ದ.

"ಯಾಕ್ ಬಂದೆ ಇಷ್ಟೊತ್ಗೆ?"

"ಕುರಿ ಬಿಡಾಕೆ."

"ಹುಲ್ಲಿನ ಮ್ಯಾಲೆ ಇಬ್ಬನಿ ಐತೆ. ಒಣಗ್ಲಿ. ಕುಂತ್ಕ."

ಇಬ್ಬನಿಯ ಹುಲ್ಲು ಮೇದರೆ ಕುರಿಗೆ ಕಾಯಿಲೆ ಎಂಬುದು ನಮ್ಮದೇ ಮನೆಯ ತಿಳಿವಳಿಕೆ. ಹಾಸ್ಟೆಲ್ಲಿಗೆ ಹೋದ ಮೇಲೆ ಮರೆತಿದ್ದೆ. ಪಕ್ಕದಲ್ಲಿ ಕೂತೆ. ಮಾಡಲು ಏನೂ ಇರಲಿಲ್ಲ. ಬಿಸಿಲು ಇನ್ನೂ ಗುಡ್ಡದ ಆಚೆಗೇ ಇತ್ತು.

"ಅವ್ಳು ಇರೋ ಕಡೆ ಈಗ ಎಷ್ಟೊತ್ತಾಗಿರ್ತದೆ?" ಎಂದು ಅಣ್ಣ ಕೇಳಿದ.

"ಅವಳಿನ್ನೂ ತಲುಪಿಲ್ಲಣ್ಣ. ದಾರಿಯಲ್ಲಿದ್ದಾಳೆ."

"ದಾರಿಯಾಗೂ ಒಂದು ಹೊತ್ತು ಅಂತ ಇರ್ತದಲ್ಲಲೇ."

ಅದನ್ನು ಲೆಕ್ಕ ಹಾಕುವುದು ಹೇಗೆಂದು ನನಗೆ ತಿಳಿಯಲಿಲ್ಲ. ಬೆಳಗಾಗಿರುತ್ತದೆ ಎಂದೆ. ಅವನು ತಲೆಯಾಡಿಸಿ ಬೀಡಿಯನ್ನು ನೆಲಕ್ಕೆ ಒತ್ತಿದ. ಇಬ್ಬರೂ ಹುಲ್ಲು ಒಣಗುವುದನ್ನು ನೋಡುತ್ತ ಕೂತೆವು.