ನಲವತ್ತರ ಆಷಾಢ

ನನಗೆ ಒಂದು ಕಡೆ ಕೂತು ಅಭ್ಯಾಸವಿಲ್ಲ. ಬಸ್ಸಿಗೆ ಕಾಯುವಾಗಲೂ ನಿಲ್ದಾಣದ ಈ ತುದಿಯಿಂದ ಆ ತುದಿಗೆ ನಡೆಯುತ್ತಲೇ ಇರುತ್ತೇನೆ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು ಎಂದು ಅತ್ತೆ ಬಂದವರಿಗೆಲ್ಲ ನನ್ನ ಪರಿಚಯ ಮಾಡಿಕೊಡುತ್ತಾರೆ. ಆ ದಿನ ತಾಳವಾಡಿಯ ಆಸ್ಪತ್ರೆಗೆ ಹೋದದ್ದು ಕೆಮ್ಮಿಗೆ ಔಷಧಿ ತರಲು. ಔಷಧಿಯ ಸಾಲು ಗೇಟಿನವರೆಗೂ ಬೆಳೆದಿತ್ತು. ಪಕ್ಕದ ಕೋಣೆಯ ಮುಂದೆ ಮೂರು ನಾಲ್ಕು ಹೆಂಗಸರಷ್ಟೇ ಬೆಂಚಿನ ಮೇಲೆ ಕೂತಿದ್ದರು. ಅದು ಯಾವ ಸಾಲು ಎಂದು ಕೇಳಿದೆ. ಮೂವತ್ತು ದಾಟಿದ ಹೆಂಗಸರಿಗೆ ಗರ್ಭಕೋಶದ ಬಾಯಿಯ ಪರೀಕ್ಷೆ, ಮುಂದೆ ಕ್ಯಾನ್ಸರ್ ಆಗುವ ಹಾಗಿದ್ದರೆ ಈಗಲೇ ಗೊತ್ತಾಗುತ್ತದೆ, ದುಡ್ಡು ಕೊಡಬೇಕಾಗಿಲ್ಲ ಎಂದರು. ಆ ಸಾಲು ಬೇಗ ಸಾಗುತ್ತಿತ್ತು. ನಾನು ಅದಕ್ಕೆ ಸೇರಿಕೊಂಡದ್ದಕ್ಕೆ ಅದಕ್ಕಿಂತ ದೊಡ್ಡ ಕಾರಣ ಯಾವುದೂ ಇರಲಿಲ್ಲ.

ನರ್ಸು ಘಟ್ಟದ ಕೆಳಗಿನ ತಮಿಳು ಊರಿನವಳು, ವಯಸ್ಸಿನಲ್ಲಿ ನನಗಿಂತ ಚಿಕ್ಕವಳು. ಮಾತು ಅರ್ಧ ತಮಿಳು, ಅರ್ಧ ನಮ್ಮ ಕನ್ನಡ. ಮಲಗಿಸಿ, ಹತ್ತಿಯನ್ನು ಹುಳಿ ವಾಸನೆಯ ನೀರಿನಲ್ಲಿ ಅದ್ದಿ ಒಳಗೆ ಒತ್ತಿದಳು. ಏನದು ಎಂದರೆ ವಿನೆಗರ್ ಎಂದಳು. ಉಪ್ಪಿನಕಾಯಿ ಹಾಕುತ್ತಿದ್ದೀಯಾ ತಾಯಿ ಎಂದು ನಗಾಡಿದೆ. ಈಗ ಅಲ್ಲಾಡದೆ ಒಂದು ನಿಮಿಷ ಇರಬೇಕು ಎಂದಳು. ಅಲ್ಲಾಡದೆ ಇರುವುದು ನನ್ನಿಂದ ಆಗುವ ಕೆಲಸವಲ್ಲ, ಮಂಚದ ಕಂಬಿ ಹಿಡಿದುಕೊಂಡು ಸೀಲಿಂಗಿನ ಫ್ಯಾನು ನೋಡುತ್ತ ಬಿದ್ದಿದ್ದೆ. ಟಾರ್ಚು ಬಿಟ್ಟು ನೋಡಿದಳು. ಮತ್ತೊಮ್ಮೆ ನೋಡಿದಳು. ನನ್ನ ನಗು ಅಲ್ಲಿಗೆ ನಿಂತಿತು.

ವಿನೆಗರ್ ತಾಗಿದ ಕಡೆ ಒಂದು ಬಿಳಿ ಮಚ್ಚೆ ಎದ್ದಿತ್ತಂತೆ. ಇದು ಕ್ಯಾನ್ಸರ್ ಅಲ್ಲ, ಹಾಗೇ ಬಿಟ್ಟರೆ ವರ್ಷಗಳ ಮೇಲೆ ಆಗಬಹುದು, ಇವತ್ತೇ ಬಿಸಿ ತಾಗಿಸಿ ಸುಟ್ಟುಬಿಡಬಹುದು ಎಂದಳು. ಒಳಗೆ ಡಾಕ್ಟರಮ್ಮನೂ ಬಂದು ನೋಡಿ ಅದನ್ನೇ ಹೇಳಿದರು. ಸುಡಿ ಎಂದೆ. ಕಡ್ಡಿಯಂಥ ಒಂದು ಸಾಧನದ ತುದಿಯನ್ನು ಬಿಸಿ ಮಾಡಿ ಇಟ್ಟಾಗ, ಮುಟ್ಟಿನ ಮೊದಲ ದಿನದ ಹಾಗೆ ಕೆಳಹೊಟ್ಟೆ ಹಿಡಿದುಕೊಂಡಿತು. ಮುಗಿದೇಹೋಯಿತು. ಎದ್ದು ಸೀರೆ ಸರಿಮಾಡಿಕೊಂಡೆ. ಇಷ್ಟೇನಾ ಎಂದುಕೊಂಡೆ.

ಇಷ್ಟೇ ಆಗಿರಲಿಲ್ಲ. "ಒರು ಮಾಸಂ, ಅಕ್ಕಾ," ಎಂದಳು ನರ್ಸು. ಒಂದು ತಿಂಗಳು ಮನೆಯವರ ಹತ್ತಿರ ಮಲಗುವ ಹಾಗಿಲ್ಲ, ಗಾಯ ಮಾಯಬೇಕು, ನೀರು ಹೋಗುತ್ತಿರುತ್ತದೆ, ಹೆದರಬೇಡಿ, ರಕ್ತ ಜಾಸ್ತಿ ಹೋದರೆ, ಜ್ವರ ಬಂದರೆ, ಕೆಟ್ಟ ವಾಸನೆ ಬಂದರೆ ತಕ್ಷಣ ಬನ್ನಿ, ಮುಂದಿನ ವರ್ಷ ಮತ್ತೆ ತೋರಿಸಿ. ಪರದೆಯ ಆಚೆ ಬೆಂಚಿನ ಮೇಲಿದ್ದವರಿಗೆಲ್ಲ ಕೇಳುವಷ್ಟು ಸ್ಪಷ್ಟವಾಗಿ ಹೇಳಿದಳು. ಇದು ಯಾಕೆ ಬರುತ್ತದೆ ಎಂದು ನಾನು ದನಿ ತಗ್ಗಿಸಿ ಕೇಳಿದೆ. ಗಂಡ ಹೆಂಡತಿ ಕೂಡುವುದರಿಂದ ಬರುವ ಒಂದು ವೈರಸ್ಸು, ಹೆಚ್ಚುಕಡಿಮೆ ಎಲ್ಲರಿಗೂ ಬರುತ್ತದೆ, ತಾನಾಗಿಯೇ ಹೋಗುತ್ತದೆ, ಕೆಲವರಲ್ಲಿ ಉಳಿದುಬಿಡುತ್ತದೆ ಎಂದಳು. ಯಾರಿಂದ, ಯಾವಾಗ ಎಂದು ಯಾರೂ ಹೇಳಲಾರರು ಎಂದೂ ಸೇರಿಸಿದಳು. ಕೆಮ್ಮಿನ ಔಷಧಿ ತೆಗೆದುಕೊಳ್ಳದೆಯೇ ಬಸ್ಸು ಹತ್ತಿದೆ.

ನಮ್ಮೂರು ಪಣಕಹಳ್ಳಿ ಬರುವವರೆಗೂ ನನಗೆ ಮಚ್ಚೆಯ ಚಿಂತೆ ಇರಲಿಲ್ಲ, ಮನೆಯ ಚಿಂತೆ. ನಮ್ಮದು ಒಂದು ಪಡಸಾಲೆ, ಒಂದು ಕೋಣೆ. ಮಗಳು ಹಾಸ್ಟೆಲ್ಲಿನಲ್ಲಿ ಪ್ಲಸ್ ಟೂ ಓದುತ್ತಿದ್ದಳು. ಪಡಸಾಲೆಯಲ್ಲಿ ಅತ್ತೆ, ಕೋಣೆಯಲ್ಲಿ ನಾವಿಬ್ಬರು. ನಮ್ಮ ಮನೆಯವರು ಕೆಟ್ಟವರಲ್ಲ. ಆದರೆ ಬೇಡ ಎಂದರೆ ಯಾಕೆ ಎಂದು ಕೇಳುವವರು. ಯಾಕೆ ಎಂದು ಹೇಳಿದರೆ ಅದು ಅತ್ತೆಯ ಕಿವಿಗೆ ಹೋಗುತ್ತದೆ, ಅತ್ತೆಯ ಕಿವಿಗೆ ಹೋದರೆ ಬೀದಿಗೆ ಹೋಗುತ್ತದೆ.

ಬೀದಿಗೆ ಹೋದರೆ ಏನಾಗುತ್ತದೆ ಎಂಬುದನ್ನು ನಾನು ಕಣ್ಣಾರೆ ನೋಡಿದ್ದೆ. ನಮ್ಮ ಬೀದಿಯ ಒಬ್ಬ ಹೆಂಗಸು ಇದೇ ಕಾಯಿಲೆ ಬಲಿತು, ನೋವು ತಿಂದು ತಿಂದು, ಹಿಂದಿನ ಬೇಸಿಗೆಯಲ್ಲಿ ಸತ್ತಿದ್ದಳು. ಮಣ್ಣು ಮಾಡಿ ಬಂದ ದಿನವೇ ಅತ್ತೆ ಜಗಲಿಯಲ್ಲಿ ಕೂತು ಅಂದಿದ್ದರು: "ಆ ಜಾಗಕ್ಕ ಸುಮ್ ಸುಮ್ನ ಕಾಯ್ಲ ಬಂದದಾ? ನಡ್ತ ನೆಟ್ಟಗಿದ್ರ ಯಾಕ ಬಂದದು?" ನಾಲ್ಕು ಜನ ಹೂಂಗುಟ್ಟಿದರು. ಸತ್ತವಳ ಗಂಡ ಎದುರು ಜಗಲಿಯಲ್ಲೇ ಇದ್ದ. ಎಲ್ಲ ಕೇಳಿಸಿಕೊಂಡ, ತುಟಿ ಬಿಚ್ಚಲಿಲ್ಲ. ಅವನ ಮೇಲೆ ಬಂದಷ್ಟು ಸಿಟ್ಟು ನನಗೆ ಅತ್ತೆಯ ಮೇಲೂ ಬಂದಿರಲಿಲ್ಲ. ಬಸ್ಸಿನಲ್ಲಿ ಕೂತು ಅದನ್ನೇ ನೆನೆಸಿಕೊಂಡೆ: ಇನ್ನು ನನ್ನ ಸರದಿ.

ಮನೆಗೆ ಬಂದು ಒಲೆ ಹಚ್ಚುವ ಮೊದಲೇ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ. "ನಾ ಆಸಾಡಕ್ಕ ಗೆಟ್ಟವಾಡಿಗ ಓಯ್ತೀನಿ."

ಆಷಾಢ ಹುಟ್ಟಿ ಒಂದು ವಾರವಾಗಿತ್ತು. ಹೊಸದಾಗಿ ಮದುವೆಯಾದವರು ಆ ತಿಂಗಳು ತವರಿಗೆ ಹೋಗುವುದು, ಗಂಡನ ಮುಖ ನೋಡದೆ ಇರುವುದು ನಮ್ಮ ಕಡೆಯ ಪದ್ಧತಿ. ನನಗೆ ನಲವತ್ತು ತುಂಬಿತ್ತು. ಅತ್ತೆ ಮೊರದಲ್ಲಿದ್ದ ರಾಗಿ ಕೆಳಗಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಮಗಳ್ನ ಆಸಾಡಕ್ಕ ಕರ್ಕೊಬರ ವಯಸ್ಸಲ್ಲಿ ನೀ ಓದಯಾ?"

"ಮದ್ವಾದ ವರ್ಸ ನನ್ನ ಕಳ್ಸಿದ್ರಾ? ಮಾವಂಗ ಉಸಾರಿಲ್ಲ, ಓಗ್ಬ್ಯಾಡ ಅಂದ್ರಿ. ಆ ಆಸಾಡ ನಂಗ ಬರ್ಬೇಕು," ಎಂದೆ. ಅದು ನಿಜವೇ ಆಗಿತ್ತು. ಅತ್ತೆ ಮತ್ತೆ ಮೊರ ಎತ್ತಿಕೊಂಡರು. ನಮ್ಮ ಮನೆಯವರು ಕೋಸಿನ ಲೋಡಿನ ಜೊತೆ ಘಟ್ಟದ ಕೆಳಗಿನ ಮಾರುಕಟ್ಟೆಗೆ ಹೋಗಿದ್ದರು. ಅವರು ಬರುವಷ್ಟರಲ್ಲಿ ನಾನು ಚೀಲ ಹಿಡಿದು ಹೊರಟಾಗಿತ್ತು. ಸುದ್ದಿ ನನಗಿಂತ ಮೊದಲು ಬಸ್ಸು ಹತ್ತಿತ್ತು. ಕಂಡಕ್ಟರನಿಂದ ಹಿಡಿದು ಎಲ್ಲರೂ ಮದುವಣಗಿತ್ತಿಗೆ ಜಾಗ ಬಿಡಿ ಎಂದು ನಗಾಡಿದರು. ನಗಲಿ ಎಂದು ಬಿಟ್ಟೆ. ನಗುವವರು ಅನುಮಾನ ಪಡುವುದಿಲ್ಲ.

ನನ್ನ ತವರು ಗೆಟ್ಟವಾಡಿಯಲ್ಲಿ ಅಪ್ಪ ಅವ್ವ ಇಲ್ಲ. ಅಣ್ಣ ದಿನವೂ ಚಾಮರಾಜನಗರಕ್ಕೆ ಕೆಲಸಕ್ಕೆ ಹೋಗಿ ಬರುತ್ತಾನೆ, ಹೊಲ ಮನೆ ಎರಡೂ ಅತ್ತಿಗೆಯ ಕೈಯಲ್ಲಿ. ಅಲ್ಲಿ ನಾನು ಇದ್ದದ್ದು ಮುಳ್ಳಿನ ಮೇಲೆ ಇದ್ದ ಹಾಗೆ. ಗುಡಿಸಿದ ಅಂಗಳ ಮತ್ತೆ ಗುಡಿಸಿದೆ, ತೊಳೆದ ಪಾತ್ರೆ ಮತ್ತೆ ತೊಳೆದೆ, ಜೋಳದ ಹೊಲದಲ್ಲಿ ಕಳೆ ಮುಗಿಸಿ ಪಕ್ಕದವರ ಬದುವಿನ ಕಳೆಗೂ ಕೈ ಹಾಕಿದೆ. ಹೇಳಿದ ಹಾಗೆಯೇ ನೀರು ಹೋಗುತ್ತಿತ್ತು. ಹಿತ್ತಿಲಿಗೆ ಹೋಗಿ ಬಟ್ಟೆ ಬದಲಿಸುವಾಗಲೆಲ್ಲ ರಕ್ತ ಇದೆಯೇ, ವಾಸನೆ ಬಂತೇ ಎಂದು ನೋಡುವುದೇ ಕೆಲಸ. ಏನೂ ಇಲ್ಲ ಎಂದು ಗೊತ್ತಾದರೂ ಮತ್ತೆ ಸ್ವಲ್ಪ ಹೊತ್ತಿಗೆ ಅದೇ ಭಯ. ಅತ್ತಿಗೆಗೆ ನಾನಾಗಿಯೇ ಹೇಳಿದೆ. ದಾರದ ಮೇಲಿನ ಬಟ್ಟೆ ನೋಡಿ ಅವಳು ಆಗಲೇ ಏನೋ ಊಹಿಸಿದ್ದಳು. "ನೋವಾಯ್ತದಾ ಅಮ್ಮಿ?" ಎಂದಷ್ಟೇ ಕೇಳಿದಳು. "ಔಸ್ದಿ ಸಾಲಲ್ಲಿ ನಿಲ್ಲೋದ್ಕಿಂತ ಬೇಗ ಮುಗಿತದ. ನೀನೂ ಓಗು," ಎಂದೆ.

ಭಯಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಯಾರಿಂದ ಎಂದು ಹೇಳಲಾರರು ಎಂದಿದ್ದಳು ನರ್ಸು. ನನಗಂತೂ ನಮ್ಮ ಮನೆಯವರನ್ನು ಬಿಟ್ಟರೆ ಬೇರೆ ಗಂಡಸು ಗೊತ್ತಿಲ್ಲ. ಹಾಗಾದರೆ? ಲೋಡಿನ ಜೊತೆ ಹೋದಾಗ ಅವರು ರಾತ್ರಿ ಕೆಳಗೇ ಉಳಿಯುತ್ತಾರೆ, ಮೊದಲೆಲ್ಲ ಮಾರುಕಟ್ಟೆಯಲ್ಲಿ ತಡವಾಯಿತೆಂದು, ಈಗ ಕಾಡಿನ ದಿಂಬಂ ಘಾಟಿಯಲ್ಲಿ ರಾತ್ರಿ ಗಾಡಿ ಬಿಡುವುದಿಲ್ಲವೆಂದು. ಮದುವೆಯಾದಾಗಿನಿಂದ ಹೀಗೆ ಉಳಿದ ರಾತ್ರಿಗಳನ್ನು ನಾನು ಯಾವತ್ತೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಈಗ ಕಳೆ ಕೀಳುತ್ತ ಒಂದೊಂದನ್ನೂ ಹೊರಗೆಳೆದು ನೋಡತೊಡಗಿದೆ. ಫೋನು ಮಾಡಿದರೆ ಹೂಂ, ಉಹೂಂ ಅಷ್ಟೇ. ಎದುರಿಗೆ ಬರಲಿ, ಕೇಳಿಯೇ ಬಿಡುತ್ತೇನೆ ಎಂದು ಹಲ್ಲು ಕಚ್ಚಿಕೊಂಡಿದ್ದೆ.

ಒಂದು ಬೆಳಿಗ್ಗೆ ಬೈಕಿನಲ್ಲಿ ಬಂದೇಬಿಟ್ಟರು. ಅತ್ತಿಗೆ ಬಾಗಿಲಲ್ಲೇ ತಡೆದಳು. "ಅಣ್ಣಾ, ಒಸ್ಲು ದಾಟ್ಬ್ಯಾಡ. ಆಸಾಡ್ದಲ್ಲಿ ಅಳಿಯ ಒಳಿಕ್ ಬರ್ಕೂಡ್ದು." ತಮಾಷೆಗೆ ಹೇಳಿದ್ದು. ಅವರು ನಿಜವಾಗಿಯೂ ಹೊರಗೇ ನಿಂತರು. ನಾನು ಜೋಳದ ಹೊಲದ ಕಡೆ ನಡೆದೆ, ಹಿಂದೆಯೇ ಬಂದರು.

"ನಾನೇನ್ ಮಾಡ್ದಿ ಅಂತಾರೂ ಯೋಳು. ಊರೆಲ್ಲ ನಗ್ತಾದ. ಯಾರಾರ ಬಂದು ನಿಂಗ ಏನಾರ ಚಾಡಿ ಯೋಳುದ್ರಾ?"

"ಚಾಡಿ ಯೋಳಂತದ್ದು ಏನದ?" ಎಂದೆ. ನನ್ನ ದನಿ ನನಗೇ ಗಟ್ಟಿಯಾಗಿ ಕೇಳಿಸಿತು.

ಅವರು ಜೋಳದ ಗರಿಯೊಂದನ್ನು ಕಿತ್ತುಕೊಂಡರು. ನಾನು ಎಲ್ಲ ಹೇಳಿದೆ. ಮಚ್ಚೆ, ಸುಟ್ಟದ್ದು, ತಿಂಗಳು, ನೀರು ಹೋಗುವುದು, ಯಾವುದನ್ನೂ ಮುಚ್ಚಿಡಲಿಲ್ಲ. ಅವರು ಆ ಗರಿಯನ್ನು ಸೀಳುತ್ತ ಕೇಳಿಸಿಕೊಂಡರು.

"ಕ್ಯಾನ್ಸರಾ?"

"ಅಲ್ಲ. ಬುಟ್ಟಿದ್ರ ಮುಂದಕ್ ಆಗ್ಬೋದಾಗಿತ್ತು."

"ನಂಗ ಯಾಕ ಯೋಳ್ನಿಲ್ಲ?"

"ಸತ್ತೋದ್ಳಲ್ಲ ಆ ಎಂಗ್ಸು, ಅವಳ್ಗ ನಿಮ್ಮವ್ವ ಅಂದ ಮಾತ ನೀವೂ ಕೇಳಿದ್ರಿ. ನನ್ನನ್ನೂ ಅಂಗೇ ಅಂದ್ರ ನಾ ಬದುಕಿರಕ್ಕಿಲ್ಲ."

ಗರಿ ಸೀಳುವುದು ನಿಂತಿತು. ನನ್ನನ್ನು ನೋಡದೆ ಕೇಳಿದರು. "ಅದು ನನ್ನಿಂದ ಬಂತಾ?"

ದಿನಗಟ್ಟಲೆ ಮಸೆದಿಟ್ಟುಕೊಂಡಿದ್ದ ಮಾತು ಅವರ ಬಾಯಿಂದಲೇ ಬಂದಿತ್ತು. ಹೌದು ಎಂದು ಹೇಳಿದ್ದರೆ ನನ್ನ ಹೊಟ್ಟೆ ತಣ್ಣಗಾಗುತ್ತಿತ್ತೋ ಏನೋ. ಆದರೂ ಹೇಳಲಿಲ್ಲ. ನರ್ಸು ಹೇಳಿದ್ದನ್ನೇ ಹೇಳಿದೆ: ಎಲ್ಲರಿಗೂ ಬರುತ್ತದೆ, ಕೆಲವರಲ್ಲಿ ಉಳಿಯುತ್ತದೆ, ಯಾರಿಂದ ಎಂದು ಯಾರಿಗೂ ಗೊತ್ತಾಗುವುದಿಲ್ಲ. ಅವರು ತಲೆಯಾಡಿಸಿ, ಹೋಗಿ ಬೈಕು ಹತ್ತಿ, ಬರುತ್ತೇನೆ ಎಂದೂ ಹೇಳದೆ ಹೊರಟುಹೋದರು.

ಆಮೇಲಿನ ದಿನಗಳಷ್ಟು ಉದ್ದದ ದಿನಗಳನ್ನು ನಾನು ಕಂಡಿಲ್ಲ. ಫೋನಿಲ್ಲ. ನಾನೂ ಮಾಡಲಿಲ್ಲ. ಹೇಳಬಾರದಿತ್ತು ಎಂದು ಒಮ್ಮೆ, ಹೇಳಿದ್ದೇ ಸರಿ ಎಂದು ಇನ್ನೊಮ್ಮೆ. ಅವರು ತಮ್ಮ ಅವ್ವನ ಮುಂದೆ ಬಾಯಿ ಬಿಟ್ಟಿರುತ್ತಾರೆ, ಅತ್ತೆ ಬೀದಿಯನ್ನೆಲ್ಲ ಜಗಲಿಗೆ ಕರೆದಿರುತ್ತಾರೆ ಎಂದು ಕೂತಲ್ಲಿ ನಿಂತಲ್ಲಿ ಅದೇ ಚಿಂತೆ. ಆಷಾಢ ಕಳೆಯುತ್ತ ಬಂತು, ನನ್ನ ತಿಂಗಳು ಮಾತ್ರ ಇನ್ನೂ ಉಳಿದಿತ್ತು. ಕೆಳಗಿನ ತಮಿಳರು ಹೊಸ ಮದುವಣಗಿತ್ತಿಯನ್ನು ತವರಿಗೆ ಕರೆಯುವ ಆಡಿ ಮಾಸ ಇನ್ನೂ ಇದೆಯಲ್ಲ, ಅದನ್ನೂ ಇಲ್ಲೇ ಕಳೆ ಎಂದಳು ಅತ್ತಿಗೆ. ಎರಡು ಭಾಷೆಯ ನಡುವೆ ಹುಟ್ಟಿದ್ದಕ್ಕೆ ಅದೊಂದು ಅನುಕೂಲ ಎಂದು ಇಬ್ಬರೂ ನಕ್ಕೆವು.

ಅಮಾವಾಸ್ಯೆ ಕಳೆದ ಮಾರನೆಯ ದಿನ ನಮ್ಮ ಮನೆಯವರು ಬಂದರು. ಹೊರಡು ಎಂದರು. ಬೈಕಿನ ಹಿಂದೆ ಕೂತು ನಾನು ಸುಳ್ಳೊಂದನ್ನು ಸಿದ್ಧಮಾಡಿಕೊಂಡೆ: ಕಾಮಾಲೆಯಾಗಿತ್ತು, ಗೆಟ್ಟವಾಡಿಯಲ್ಲಿ ನಾಟಿ ಔಷಧಿ ತೆಗೆದುಕೊಂಡೆ.

ಮನೆಯ ಜಗಲಿ ತುಂಬ ಬೆಳ್ಳುಳ್ಳಿ ಹರಡಿತ್ತು. ಅತ್ತೆಯ ಜೊತೆ ಬೀದಿಯ ನಾಲ್ಕೈದು ಹೆಂಗಸರು ಬೇರು ಕತ್ತರಿಸುತ್ತ ಕೂತಿದ್ದರು. ಆಸ್ಪತ್ರೆಯ ಬೆಂಚಿನ ಮೇಲಿದ್ದವರಲ್ಲಿ ಯಾರೋ ಬಾಯಿ ಬಿಟ್ಟಿರಬೇಕು. ನಾನು ಇಳಿಯುವ ಮೊದಲೇ ಅತ್ತೆ ಶುರುಮಾಡಿದರು. "ಬಂದ್ಯಾ ಮದ್ಲಿಂಗಿತ್ತಿ. ಆಸ್ಪತ್ರೆಲಿ ಎಂಗ್ಸ್ರ ರೂಮ್ಗ ಓಗಿದ್ದಂತಲ್ಲ ನೀನು. ಅದ್ಯಾವ್ ಕಾಯ್ಲ ಅಂತ ನಾಕ್ ಜನದ ಮುಂದ ಯೋಳ್ಬುಡು, ಕೇಳಮ."

ಕತ್ತರಿಸುವ ಕೈಗಳು ನಿಂತವು. ಕಾಮಾಲೆ ಎನ್ನಲು ಬಾಯಿ ತೆರೆದೆ.

"ನನ್ನಿಂದ ಬಂದ ಕಾಯ್ಲ ಕಣವ್ವ," ಎಂದರು ಹಿಂದಿನಿಂದ ನಮ್ಮ ಮನೆಯವರು. ಬೈಕಿಗೆ ಸ್ಟ್ಯಾಂಡು ಹಾಕುತ್ತಿದ್ದರು, ತಲೆ ಎತ್ತಲಿಲ್ಲ. "ನಾ ತಂದದ್ದು. ಅವ್ಳು ವಾಸಿ ಮಾಡ್ಕೊಂಡು ಬಂದಳ. ಅವಳ್ನ ಯಾರೂ ಏನೂ ಕೇಳ್ಬ್ಯಾಡಿ."

ಅತ್ತೆ ಬೆಳ್ಳುಳ್ಳಿಯ ಸಿಪ್ಪೆ ಗುಡಿಸತೊಡಗಿದರು. ಹೆಂಗಸರು ಒಬ್ಬೊಬ್ಬರಾಗಿ ಬೆಳ್ಳುಳ್ಳಿಯ ಕಡೆಗೆ ತಿರುಗಿದರು. ನಮ್ಮ ಮನೆಯವರು ಒಳಗೆ ಹೋಗಿ ಚಾಪೆ ಕಂಬಳಿ ಸುತ್ತಿಕೊಂಡು, ಆನೆ ಕಾಯುವುದಕ್ಕೆ ಹೊಲದಲ್ಲಿ ಕಟ್ಟಿದ್ದ ಅಟ್ಟಣೆಗೆ ಹೊರಟರು. ನನ್ನ ತಿಂಗಳು ಮುಗಿಯುವವರೆಗೂ ಅಲ್ಲೇ ಮಲಗಿದರು.

ಮರುವರ್ಷದ ಪರೀಕ್ಷೆಯಲ್ಲಿ ಮಚ್ಚೆ ಇರಲಿಲ್ಲ. ನಡತೆಯ ಮಾತನ್ನು ಅತ್ತೆ ಆಮೇಲೆ ಎತ್ತಿದ್ದನ್ನು ನಾನು ಕೇಳಿಲ್ಲ. ಆದರೆ ಆ ದಿನ ನಮ್ಮ ಮನೆಯವರು ಜಗಲಿಯ ಮುಂದೆ ಹೇಳಿದ್ದು ನಿಜವೋ, ನನಗಾಗಿ ತಲೆಯ ಮೇಲೆ ಎಳೆದುಕೊಂಡದ್ದೋ ಇವತ್ತಿಗೂ ಗೊತ್ತಿಲ್ಲ. ಅವರು ಲೋಡಿನ ಜೊತೆ ಹೋಗಿ ಕೆಳಗೆ ಉಳಿದ ದಿನ ಈಗಲೂ ನನಗೆ ನಿದ್ದೆ ಹತ್ತುವುದಿಲ್ಲ. ಕೇಳಿದರೆ ಹೇಳಿಬಿಡುತ್ತಾರೆ. ಅದಕ್ಕೇ ಕೇಳಿಲ್ಲ.