ನೂರು ಅಂದ್ರೆ ನೂರು

ಲ್ಯಾಬಿನಲ್ಲಿ ನನಗೆ ಕೆಲಸ ಕಲಿಸಿದ ಮೇಡಂ ಅವರ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ತುದಿಗಳು ವರ್ಷವಿಡೀ ನೇರಳೆ ಬಣ್ಣಕ್ಕಿರುತ್ತಿದ್ದವು. ರಕ್ತ ಸವರಿದ ಗಾಜಿನ ಸ್ಲೈಡಿಗೆ ಹಾಕುವ ಬಣ್ಣ ಅದು. ಸೋಪಿಗೂ ಹೋಗುವುದಿಲ್ಲ, ನಿಂಬೆಹಣ್ಣಿಗೂ ಹೋಗುವುದಿಲ್ಲ. ರಕ್ತ ತೆಗೆಯುವಾಗ ಗ್ಲೌಸ್ ತಪ್ಪಿಸುತ್ತಿರಲಿಲ್ಲ. ಬಣ್ಣ ಹಾಕುವಾಗ ಮಾತ್ರ ಬರಿಗೈ. ಗ್ಲೌಸ್ ಇದ್ದರೆ ಗಾಜಿನ ಅಂಚು ಬೆರಳಿಗೆ ತಿಳಿಯುವುದಿಲ್ಲ ಅನ್ನುತ್ತಿದ್ದರು. ಭದ್ರಾವತಿ ಬಸ್ಸಿನಲ್ಲಿ ಪಕ್ಕ ಕೂತವರು ಆ ಬೆರಳು ನೋಡಿ, ಈ ಕಾಲದಲ್ಲಿ ನೇರಳೆಹಣ್ಣು ಎಲ್ಲಿ ಸಿಕ್ಕಿತು ಎಂದು ಕೇಳಿದರೆ, "ದುರ್ಗಿಗುಡಿಲಿ, ದಿನಾ ಸಿಗುತ್ತೆ" ಎಂದು ಹೇಳಿ ಕಿಟಕಿ ಕಡೆ ತಿರುಗಿಬಿಡುತ್ತಿದ್ದರಂತೆ.

ಶಿವಮೊಗ್ಗದ ವಿದ್ಯಾನಗರದ ಕಾಲೇಜಿನಲ್ಲಿ ಲ್ಯಾಬ್ ಟೆಕ್ನಿಷಿಯನ್ ಕೋರ್ಸಿನ ತರಗತಿಗಳನ್ನು ಮುಗಿಸಿ, ಕೊನೆಯ ಆರು ತಿಂಗಳ ತರಬೇತಿಗೆ ನಾನು ದುರ್ಗಿಗುಡಿಯ ಆ ಸಣ್ಣ ಲ್ಯಾಬಿಗೆ ಹೋದದ್ದು ಜುಲೈ ತಿಂಗಳ ಮೊದಲ ಸೋಮವಾರ. ನನ್ನ ದಿನಚರಿಯ ಅಂದಿನ ಪುಟದಲ್ಲಿ ಮೂರೇ ಸಾಲುಗಳಿವೆ: "ಸ್ಯಾಂಪಲ್ 41. ನಾನು ತೆಗೆದದ್ದು 0. ಮೇಡಂ ನನ್ನೊಡನೆ ಮಾತಾಡಿದ್ದು ಎರಡು ಸಲ." ಒಂದು ಸಲ, ಬಳೆ ತೆಗೆದಿಡು ಎಂದಿದ್ದರು. ಇನ್ನೊಂದು ಸಲ, ಊಟ ಆಯ್ತಾ ಎಂದು ಕೇಳಿದ್ದರು.

ಲ್ಯಾಬಿನಲ್ಲಿ ಒಂದು ಯಂತ್ರವಿತ್ತು. ರಕ್ತದಲ್ಲಿ ಬಿಳಿ ಕಣಗಳು ಒಟ್ಟು ಎಷ್ಟಿವೆ ಎಂದು ಅದು ಹೇಳುತ್ತಿತ್ತು. ಅವುಗಳಲ್ಲಿ ಯಾವ ಜಾತಿಯವು ಎಷ್ಟು ಎಂದು ಸರಿಯಾಗಿ ತಿಳಿಯಬೇಕಾದರೆ ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ನೂರು ಕಣಗಳನ್ನು ಎಣಿಸಬೇಕು. ಲ್ಯಾಬ್ ನಡೆಸುತ್ತಿದ್ದ ಡಾಕ್ಟರು ಹನ್ನೊಂದು ಗಂಟೆಗೆ ಬರುವ ಹೊತ್ತಿಗೆ ಮೇಡಂ ಹತ್ತು ಹನ್ನೆರಡು ಸ್ಲೈಡುಗಳನ್ನು ಎಣಿಸಿ ಮುಗಿಸಿರುತ್ತಿದ್ದರು. ಇಪ್ಪತ್ತಾರು ವರ್ಷ ಅವರು ಮಾಡಿದ ಕೆಲಸ ಅದು.

ಕಾಲೇಜಿನಲ್ಲಿ ನಾವು ಚಿತ್ರ ನೋಡಿ ಬಾಯಿಪಾಠ ಮಾಡಿದ್ದ ಕಣಗಳಿಗೆ ಮೇಡಂ ಮನೆಬಳಕೆಯ ಹೆಸರುಗಳನ್ನು ಇಟ್ಟಿದ್ದರು. ಮಾನೋಸೈಟ್ ಎಂದರೆ ಗೋಡಂಬಿ, ಅದರ ನಡುವಿನ ಭಾಗ ಹಾಗೆಯೇ ಬಾಗಿರುತ್ತದೆ. ಲಿಂಫೋಸೈಟ್ ಕುಂಕುಮದ ಬೊಟ್ಟು. ಅಲರ್ಜಿ, ಉಬ್ಬಸ, ಹೊಟ್ಟೆಹುಳ ಇದ್ದವರ ರಕ್ತದಲ್ಲಿ ಏರುವ ಇಯೋಸಿನೋಫಿಲ್ ದಾಳಿಂಬೆ, ಮೈತುಂಬ ಕೆಂಪು ಕಾಳು. ಎಲ್ಲಕ್ಕಿಂತ ಹೆಚ್ಚಾಗಿರುವ ನ್ಯೂಟ್ರೋಫಿಲ್‌ಗೆ ಮಾತ್ರ ಹೆಸರಿರಲಿಲ್ಲ. "ಅವು ಅನ್ನ ಇದ್ದಹಾಗೆ, ತಟ್ಟೆ ತುಂಬ ಇರ್ತಾವೆ, ಅದಕ್ಕೇನು ಹೆಸರು" ಎಂದಿದ್ದರು.

ಅವರ ಮನೆಮಾತು ತಮಿಳು. ತಂದೆ ಭದ್ರಾವತಿಯ ಕಾರ್ಖಾನೆಯಲ್ಲಿ ಕೆಲಸಕ್ಕೆಂದು ಬಂದು ನಿಂತವರು. ನಮ್ಮೊಡನೆ ನಮ್ಮಂತೆಯೇ ಕನ್ನಡ ಆಡುತ್ತಿದ್ದ ಮೇಡಂ, ಎಣಿಸಲು ಕೂತರೆ ಮಾತ್ರ ಒಣ್ಣು, ರೆಂಡು, ಮೂಣು ಎಂದು ಗೊಣಗುತ್ತಿದ್ದರು. ಪಕ್ಕದಲ್ಲಿ ಕೂತು ಕೇಳಿ ಕೇಳಿ ನನಗೂ ಅದು ಅಂಟಿತು. ನನಗೆ ತಮಿಳು ಬರುವುದಿಲ್ಲ. ಒಂದರಿಂದ ನೂರರವರೆಗೆ ಮಾತ್ರ ಬರುತ್ತದೆ.

ಆಗಸ್ಟಿನ ಒಂದು ಶನಿವಾರ ಕತ್ತು ನೋಯುತ್ತಿತ್ತು. ಐವತ್ತು ಕಣಗಳಿಗೆ ನಿಲ್ಲಿಸಿ, ಬಂದ ಸಂಖ್ಯೆಗಳನ್ನೆಲ್ಲ ಎರಡರಿಂದ ಗುಣಿಸಿ ಬರೆದುಕೊಟ್ಟೆ. ನನ್ನ ತರಗತಿಯಲ್ಲಿ ಇದನ್ನು ಮಾಡದವರು ಯಾರೂ ಇರಲಿಲ್ಲ. ಮೇಡಂ ಚೀಟಿ ನೋಡಿ ನಕ್ಕರು.

"ಅರವತ್ತೆರಡು, ಇಪ್ಪತ್ತೆಂಟು, ಆರು, ನಾಲ್ಕು. ಎಲ್ಲಾ ಸಮಸಂಖ್ಯೆ. ರಕ್ತಕ್ಕೆ ಎರಡರ ಮಗ್ಗಿ ಬರುತ್ತೇನೇ ಮಾರಾಯ್ತಿ?"

ಚೀಟಿಯನ್ನು ನನ್ನ ಕಡೆಗೇ ತಳ್ಳಿದರು.

"ನೂರು ಅಂದ್ರೆ ನೂರು. ಕತ್ತು ನೋವು ಬಂದ್ರೆ ಎದ್ದು ಟೀ ಕುಡಿ, ವಾಪಸ್ ಬಂದು ಉಳಿದಿದ್ದು ಎಣಿಸು."

ಆ ದಿನದಿಂದ ಅವರು ಒಂದು ಉದ್ದ ಪುಸ್ತಕ ಶುರುಮಾಡಿಸಿದರು. ದಿನಕ್ಕೊಂದು ಸ್ಲೈಡು. ಬೆಳಿಗ್ಗೆ ಅವರು ಎಣಿಸಿ ಕೆಂಪು ಇಂಕಿನಲ್ಲಿ ಬರೆದು, ಅದರ ಮೇಲೆ ಹಳೆಯ ಕ್ಯಾಲೆಂಡರಿನ ಪಟ್ಟಿಯೊಂದನ್ನು ಕ್ಲಿಪ್ ಹಾಕಿ ಮುಚ್ಚಿಡುವರು. ಮಧ್ಯಾಹ್ನ ಅದೇ ಸ್ಲೈಡನ್ನು ನಾನು ಎಣಿಸಿ ಪಕ್ಕದಲ್ಲಿ ನೀಲಿ ಇಂಕಿನಲ್ಲಿ ಬರೆಯಬೇಕು. ಆಮೇಲೆ ಪಟ್ಟಿ ತೆಗೆಯುವುದು. ರಿಪೋರ್ಟಿಗೆ ಹೋಗುತ್ತಿದ್ದದ್ದು ಕೆಂಪಿನ ಸಂಖ್ಯೆ. ಯಾವ ಜಾತಿಯ ಕಣದಲ್ಲೂ ಐದಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ಹೀಗೆ ಸತತ ಮೂವತ್ತು ಸ್ಲೈಡು ಕೂಡಿಬಂದರೆ, ನನ್ನ ತರಬೇತಿ ಪುಸ್ತಕದ ಕೊನೆಯ ಪುಟದಲ್ಲಿ "ಸ್ವತಂತ್ರವಾಗಿ ಎಣಿಸಬಲ್ಲಳು" ಎಂಬ ಸಾಲಿನ ಮುಂದೆ ಅವರ ಸಹಿ. ಆ ಸಹಿ ಬಿದ್ದರೆ ಜನವರಿಯಿಂದ ಅಲ್ಲೇ ಕೆಲಸ ಕೊಡುವುದಾಗಿ ಡಾಕ್ಟರು ಹೇಳಿದ್ದರು. ಬೀಳದಿದ್ದರೆ ತರಬೇತಿಯೇ ಮುಗಿದಂತಲ್ಲ.

ಸೆಪ್ಟೆಂಬರಿನಲ್ಲಿ ನಾಲ್ಕೈದು ಸ್ಲೈಡಿಗೊಮ್ಮೆ ತಪ್ಪುತ್ತಿದ್ದೆ. ಅಕ್ಟೋಬರಿನಲ್ಲಿ ಹದಿನಾಲ್ಕರವರೆಗೆ ಹೋಗಿ ಬಿದ್ದೆ. ನವೆಂಬರಿನ ಮೂರನೇ ವಾರದ ಹೊತ್ತಿಗೆ ಸತತ ಇಪ್ಪತ್ತೇಳಾಗಿತ್ತು. ಇಪ್ಪತ್ತೆಂಟನೆಯದು ವಿನೋಬನಗರದಿಂದ ತಿಂಗಳಿಗೊಮ್ಮೆ ಬರುತ್ತಿದ್ದ, ಉಬ್ಬಸದ ತೊಂದರೆಯಿದ್ದ ಶಾಲಾ ಹುಡುಗಿಯೊಬ್ಬಳದು. ದಾಳಿಂಬೆ ನನಗೆ ಹನ್ನೊಂದು ಸಿಕ್ಕವು. ಪಟ್ಟಿ ತೆಗೆದರೆ ಕೆಂಪಿನಲ್ಲಿ ನಾಲ್ಕು.

"ಆಯ್ತು, ಮತ್ತೆ ಒಂದರಿಂದ" ಎಂದರು ಮೇಡಂ.

ಆಮೇಲೆ ಒಂದರಿಂದ ಶುರುಮಾಡಿದ್ದು ಮೂರಕ್ಕೆ ತಪ್ಪಿತು. ಮತ್ತೆ ಐದಕ್ಕೆ. ಮತ್ತೆ ಎರಡಕ್ಕೆ. ಪ್ರತಿ ಸಲವೂ ದಾಳಿಂಬೆಯಲ್ಲೇ ತಪ್ಪು. ಪ್ರತಿ ಸಲವೂ ನನ್ನದು ಹೆಚ್ಚು, ಅವರದು ಕಡಿಮೆ. ಕಲಿತದ್ದು ಕೈಬಿಟ್ಟು ಹೋಗುತ್ತಿದೆ ಅನ್ನಿಸಿ ಊಟ ಸೇರದಾಯಿತು. ಅಮ್ಮ ಬಲವಂತದಿಂದ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿ ಕೊನೆಯ ಸಾಲಿನ ಸಣ್ಣ ಅಕ್ಷರವನ್ನೂ ಓದಿದೆ. ಕಣ್ಣು ಚೆನ್ನಾಗಿದೆ ಎಂದು ಬರೆದುಕೊಟ್ಟರು. ಅದು ನನಗೆ ಇನ್ನೂ ದೊಡ್ಡ ಹೆದರಿಕೆಯಾಯಿತು. ಕಣ್ಣು ಸರಿಯಿದ್ದರೆ ಸರಿಯಿಲ್ಲದ್ದು ನನ್ನ ತಲೆಯೇ ಇರಬೇಕು. ಮೇಡಂ ತಪ್ಪಿರಬಹುದು ಎಂದು ಒಂದು ಗಳಿಗೆಯೂ ಹೊಳೆಯಲಿಲ್ಲ.

ಡಿಸೆಂಬರಿನ ಮೊದಲ ವಾರ, ಅವರು ಊಟಕ್ಕೆ ಎದ್ದುಹೋದಾಗ ನಾನು ಕ್ಯಾಲೆಂಡರ್ ಪಟ್ಟಿಯನ್ನು ಎತ್ತಿ ನೋಡಿದೆ. ಅಂದಿನಿಂದ ಒಂಬತ್ತು ದಿನ ಹಾಗೇ ಮಾಡಿದೆ. ಎಣಿಸುವುದನ್ನು ಬಿಡಲಿಲ್ಲ. ನೂರನ್ನೂ ಎಣಿಸಿ, ನಿಜವಾಗಿ ಬಂದದ್ದನ್ನು ನಾಲ್ಕು ಗೆರೆ ಎಳೆದು ಒಂದು ಅಡ್ಡಗೆರೆ ಹೊಡೆಯುವ ನನ್ನ ಅಭ್ಯಾಸದಂತೆ ದಿನಚರಿಯಲ್ಲಿ ಹಾಕಿಕೊಂಡು, ಪುಸ್ತಕದಲ್ಲಿ ಮಾತ್ರ ಕೆಂಪಿಗೆ ಹೊಂದುವ ಸಂಖ್ಯೆ ಬರೆಯುತ್ತಿದ್ದೆ. ಒಂಬತ್ತೂ ಕೂಡಿಬಂದವು. ಮೇಡಂ ಖುಷಿಪಟ್ಟು ಒಂದು ದಿನ ಮನೆಯಿಂದ ಪುಳಿಯೋಗರೆ ತಂದುಕೊಟ್ಟರು. ದಿನಚರಿಯ ಅಂದಿನ ಪುಟದಲ್ಲಿ, ಏನು ಉಂಡೆ ಎಂದು ದಿನಾ ಬರೆಯುವ ಜಾಗವನ್ನು ಖಾಲಿ ಬಿಟ್ಟಿದ್ದೇನೆ.

ಹತ್ತನೆಯ ದಿನ ಆ ಹುಡುಗಿಯನ್ನು ನೋಡುತ್ತಿದ್ದ ಮಕ್ಕಳ ವೈದ್ಯರು ನಮ್ಮ ಡಾಕ್ಟರಿಗೆ ಫೋನ್ ಮಾಡಿ, ಉಬ್ಬಸ ಏರುತ್ತಲೇ ಇದೆ, ನಿಮ್ಮ ಎರಡು ರಿಪೋರ್ಟಿನಲ್ಲೂ ಇಯೋಸಿನೋಫಿಲ್ ಸರಿಯಾಗೇ ಇದೆಯಲ್ಲ ಎಂದು ಕೇಳಿದರಂತೆ. ಮೇಡಂ ಆ ಎರಡೂ ಸ್ಲೈಡುಗಳನ್ನು ಡಬ್ಬಿಯಿಂದ ತೆಗೆದುಕೊಂಡು ನನ್ನ ಮೇಜಿಗೆ ಬಂದರು. ಎರಡನೆಯದು ಹಿಂದಿನ ವಾರದ್ದು. ಪುಸ್ತಕದಲ್ಲಿ ಅದರ ಮುಂದೆ ಕೆಂಪಿನಲ್ಲೂ ನಾಲ್ಕು, ನೀಲಿಯಲ್ಲೂ ನಾಲ್ಕು.

"ಇದನ್ನ ಎಣಿಸಿದ್ಯಾ?"

"ಎಣಿಸ್ದೆ ಮೇಡಂ."

"ಎಷ್ಟು ಬಂತು?"

ನಾನು ಪುಸ್ತಕದ ಕಡೆ ಕೈ ತೋರಿಸಿದೆ.

"ಬರೆದಿದ್ದು ಎಷ್ಟು ಅಂತ ಕೇಳ್ತಿಲ್ಲ. ಎಷ್ಟು ಬಂತು?"

"ಹನ್ನೆರಡು."

"ಮತ್ತೆ ನಾಲ್ಕು ಯಾಕೆ ಬರೆದೆ?"

"ನೀವು ನಾಲ್ಕು ಬರೆದಿದ್ರಿ."

ಬೈಗುಳಕ್ಕೆ ಕಾದು ನಿಂತೆ. ಅವರು ದಿನಚರಿ ಕೇಳಿದರು. ಒಂದೊಂದೇ ಪುಟವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಗೆರೆಗಳನ್ನು ಎಣಿಸಿದರು. ಅಷ್ಟು ಹತ್ತಿರ ಹಿಡಿಯುತ್ತಾರೆ ಎಂಬುದನ್ನು ನಾನು ಗಮನಿಸಿದ್ದೇ ಆಗ. ಮುಗಿದ ಮೇಲೆ, ಆ ಸ್ಲೈಡಿನಲ್ಲಿ ಒಂದು ಒಳ್ಳೆಯ ದಾಳಿಂಬೆ ಹುಡುಕಿ ನಡುವೆ ನಿಲ್ಲಿಸು ಎಂದರು. ನಿಲ್ಲಿಸಿದೆ. ಬಹಳ ಹೊತ್ತು ನೋಡಿದರು, ಬಲಗಣ್ಣಿನಲ್ಲಿ, ಎಡಗಣ್ಣಿನಲ್ಲಿ, ಮತ್ತೆ ಬಲಗಣ್ಣಿನಲ್ಲಿ.

"ನನಗೆ ಇದೂ ಅನ್ನಾನೇ ಕಣೇ" ಎಂದರು. "ಕೆಂಪು ಕಾಣ್ತಿಲ್ಲ."

ನನಗೆ ಅಳು ಬಂತು. ಅವರು ಪುಸ್ತಕ ಮುಚ್ಚಿದರು.

"ನೀನು ಸುಳ್ಳು ಬರೆದಿದ್ದು ಸಹಿಗೋಸ್ಕರ. ನನ್ನ ಮರ್ಯಾದೆಗೆ ಅಂತ ಅಂದ್ಕೋಬೇಡ. ಆದ್ರೆ ನಿಜ ಏನು ಅಂತ ಒಂದು ಕಡೆ ಬರೆದಿಟ್ಟಿದ್ದೀಯ. ಅದಿಲ್ದಿದ್ರೆ ನಾನು ಇವತ್ತೂ ನಾಲ್ಕೇ ಬರೀತಿದ್ದೆ."

ನೇರ ಡಾಕ್ಟರ ಕೋಣೆಗೆ ಹೋದರು, ಬಾಗಿಲು ಮುಚ್ಚಲಿಲ್ಲ. ಒಂದು ತಿಂಗಳಿಂದ ತಮ್ಮ ಎಣಿಕೆಯನ್ನು ನಂಬುವ ಹಾಗಿಲ್ಲ ಎಂದು ಹೇಳಿದ್ದು ಹೊರಗಿದ್ದ ನನಗೆ ಕೇಳಿಸಿತು. ಡಾಕ್ಟರು ಸಮಾಧಾನ ಹೇಳಿದರು. ಕನ್ನಡಕ ಬದಲಿಸಿದರೆ ಆದೀತು, ಇನ್ನು ಮುಂದೆ ಇಬ್ಬರು ನೋಡಿದರಾಯಿತು, ಹಳೆಯದನ್ನು ಕೆದಕುವುದೇಕೆ ಎಂದರು. ಮೇಡಂ ಒಪ್ಪಲಿಲ್ಲ. ಡಬ್ಬಿಯಲ್ಲಿದ್ದ ಆ ತಿಂಗಳ ಅಷ್ಟೂ ಸ್ಲೈಡುಗಳು ಮೇಜಿಗೆ ಬಂದವು. ಇನ್ನೂರ ಹನ್ನೆರಡು. ಡಾಕ್ಟರು ಮತ್ತು ನಾನು ಐದು ದಿನ ಎಣಿಸಿದೆವು. ಮೇಡಂ ಎದುರಿಗೆ ಕೂತು ಒಂದೊಂದಾಗಿ ಸ್ಲೈಡು ಒರೆಸಿ ಕೊಡುತ್ತಿದ್ದರು. ಬದಲಾದ ರಿಪೋರ್ಟು ಹದಿನಾಲ್ಕು. ಅದರಲ್ಲಿ ಎರಡು ಆ ಹುಡುಗಿಯವು. ಉಳಿದ ಹನ್ನೆರಡು ಮನೆಗಳಿಗೆ ಡಾಕ್ಟರು ಫೋನ್ ಮಾಡಿದರು. ಹುಡುಗಿಯ ಮನೆಗೆ ಮೇಡಂ ತಾವೇ ಹೋದರು, ನನ್ನನ್ನೂ ಕರೆದುಕೊಂಡು.

ವಿನೋಬನಗರದ ಆ ಮನೆಯಲ್ಲಿ ಹುಡುಗಿಯ ತಂದೆ ಕುರ್ಚಿ ಹಾಕಿ ಕೂರಿಸಿದರು. ಮೇಡಂ ನಡೆದದ್ದನ್ನು ಹೇಳಿ, ತಪ್ಪು ತಮ್ಮದು ಎಂದರು. ಆಮೇಲೆ ನನ್ನ ಕಡೆ ನೋಡಿದರು. ನಾನೂ ಹೇಳಿದೆ, ಹನ್ನೆರಡು ಎಣಿಸಿ ನಾಲ್ಕು ಬರೆದೆ ಎಂದು. ಹುಡುಗಿಯ ತಂದೆ, "ಒಂದು ತಿಂಗಳಿಂದ ನನ್ನ ಮಗಳು ಕೂತ್ಕೊಂಡೇ ನಿದ್ದೆ ಮಾಡ್ತಿದಾಳೆ, ನಿಮಗೆ ಅದು ಸಂಖ್ಯೆ" ಎಂದರು. ಔಷಧಿ ಬದಲಾಗಿ ಜನವರಿಯಲ್ಲಿ ಅವಳು ಶಾಲೆಗೆ ಹೋದಳು ಎಂದು ಗೊತ್ತಾಯಿತು. ಆ ತಂದೆಯ ಮಾತು ಮಾತ್ರ ನನ್ನಲ್ಲೇ ಉಳಿಯಿತು.

ಸಕ್ಕರೆ ಕಾಯಿಲೆ ಮೇಡಂ ಅವರ ಕಣ್ಣಿನ ಹಿಂಪರದೆಯನ್ನು ತಿಂದಿತ್ತು. ಊರವರ ಸಕ್ಕರೆಯನ್ನೆಲ್ಲ ಅಳೆದವರು ತಮ್ಮದನ್ನು ನೋಡಿಕೊಂಡು ಎಷ್ಟೋ ವರ್ಷವಾಗಿತ್ತಂತೆ. ಚಿಕಿತ್ಸೆಯಿಂದ ಇರುವಷ್ಟು ದೃಷ್ಟಿ ಉಳಿಯುತ್ತದೆ, ಹೋದದ್ದು ಬರುವುದಿಲ್ಲ ಎಂದರು ಕಣ್ಣಿನ ಡಾಕ್ಟರು. ವರ್ಷದ ಕೊನೆಗೆ ಮೇಡಂ ಕೆಲಸ ಬಿಟ್ಟರು. ನನ್ನ ಪುಸ್ತಕಕ್ಕೆ ಸಹಿ ಹಾಕಲಿಲ್ಲ. ಮೂವತ್ತು ಕೂಡಿಬರಲಿ, ಹೇಳಿಕಳಿಸು ಎಂದರು. ಕೆಂಪು ಇಂಕಿನ ಕಡೆ ಡಾಕ್ಟರು ಕೂತರು, ಮತ್ತೆ ಒಂದರಿಂದ. ಫೆಬ್ರವರಿಯ ಎರಡನೇ ಗುರುವಾರ ಮೂವತ್ತಾಯಿತು. ಮಾರನೆಯ ದಿನವೇ ಮೇಡಂ ಬಸ್ಸು ಹತ್ತಿ ಬಂದರು. "ಸಾಲು ಎಲ್ಲಿದೆ ತೋರ್ಸು" ಎಂದರು. ಅವರ ಬೆರಳು ಹಿಡಿದು ಜಾಗ ತೋರಿಸಿದೆ. ಸಹಿ ಗೆರೆಯಿಂದ ಮೇಲಕ್ಕೆ ಓರೆಯಾಗಿ ಹೋಯಿತು.

ಆಮೇಲಿನ ಒಂದೂವರೆ ವರ್ಷದಲ್ಲಿ ಭದ್ರಾವತಿಯ ನ್ಯೂಟೌನಿನ ಅವರ ಮನೆಗೆ ನಾನು ಹೋದದ್ದು ಮೂವತ್ತೆಂಟು ಭಾನುವಾರ. ಕಾರ್ಖಾನೆಯಿಂದ ನಿವೃತ್ತರಾದ ಅವರ ಯಜಮಾನರು ಕಾಫಿ ಮಾಡಿಕೊಟ್ಟು ಪೇಪರ್ ಹಿಡಿದು ಹೊರಗೆ ಕೂರುತ್ತಿದ್ದರು. ಮೇಡಂ ಆ ವಾರ ಏನೇನು ನೋಡಿದೆ ಎಂದು ಕೇಳುವರು. ನಾನು ಹೇಳುವೆ: ಒಂದು ಮಲೇರಿಯಾ, ಗೋಡಂಬಿ ಹನ್ನೊಂದು ಬಂದ ಒಂದು ಸ್ಲೈಡು, ಬಣ್ಣ ಕೆಟ್ಟು ಚೆಲ್ಲಿದವು ಎರಡು. ಕಣ್ಣು ಮುಚ್ಚಿ ಕೇಳುವರು. "ಬಣ್ಣ ಯಾಕೆ ಕೆಟ್ಟಿತು? ನೀರು ಬದಲಾಯ್ಸಿದ್ರಾ?" ಎಂದು ಅಲ್ಲಿಂದಲೇ ಕಂಡುಹಿಡಿಯುವರು.

ಹೋದ ಆಗಸ್ಟಿನಲ್ಲಿ ಕಾಲಿನ ಹುಣ್ಣು ಮಾಯದೆ ಜ್ವರ ಬಂದು, ಯಜಮಾನರು ಆಟೋದಲ್ಲಿ ಅವರನ್ನು ಶಿವಮೊಗ್ಗದ ಆಸ್ಪತ್ರೆಗೆ ಕರೆತಂದರು. ಫೋನ್ ಬಂದೊಡನೆ ಹೋದೆ. ರಕ್ತ ತೆಗೆಯಲು ನರ್ಸ್ ಬಂದಾಗ ಮೇಡಂ ಕೈ ಹಿಂದಕ್ಕೆಳೆದುಕೊಂಡು, ಇವಳೇ ತೆಗೆಯಲಿ, ಇವಳೇ ಎಣಿಸಲಿ ಎಂದರು. ನರ್ಸ್ ಸಿರಿಂಜನ್ನು ನನ್ನ ಕೈಗೆ ಕೊಟ್ಟರು. ದುರ್ಗಿಗುಡಿಗೆ ಒಯ್ದು ಎಣಿಸಿದೆ. ಅರ್ಧಕ್ಕೆ ಬರುವಾಗಲೇ ಗೊತ್ತಾಗಿತ್ತು. ನೂರು ಮುಗಿಸಿದೆ. ಮತ್ತೊಂದು ನೂರು ಎಣಿಸಿದೆ. ಸಂಜೆ ಅವರ ಮಂಚದ ಪಕ್ಕ ಕೂತಾಗ, ಸ್ವಲ್ಪ ಇಳಿಸಿ ಹೇಳಿದರೆ ಯಾರಿಗೇನು ನಷ್ಟ ಎಂದು ಬಾಯಿವರೆಗೆ ಬಂದಿತ್ತು.

"ಎಷ್ಟು ಬಂತು?"

"ಅನ್ನ ನೂರಕ್ಕೆ ತೊಂಬತ್ತಮೂರು, ಮೇಡಂ."

ಸೋಂಕು ರಕ್ತಕ್ಕೆ ಇಳಿದಿದೆ ಎಂಬುದನ್ನು ಅವರಿಗೆ ನಾನು ಬಿಡಿಸಿ ಹೇಳಬೇಕಿರಲಿಲ್ಲ.

"ದಾಳಿಂಬೆ?"

"ಒಂದೂ ಇಲ್ಲ."

"ಎಷ್ಟು ಎಣಿಸ್ದೆ?"

"ಇನ್ನೂರು."

"ಸರಿಯಾಗಿ ನೋಡಿದ್ದೀಯ ಬಿಡು, ಇಂಥ ಜ್ವರದಲ್ಲಿ ಅದು ಇರಲ್ಲ" ಎಂದರು. ಯಜಮಾನರನ್ನು ಹತ್ತಿರ ಕರೆದು ತಮಿಳಿನಲ್ಲಿ ಬಹಳ ಹೊತ್ತು ಏನೋ ಹೇಳಿದರು. ನನಗೆ ಸಂಖ್ಯೆಗಳು ಮಾತ್ರ ತಿಳಿದವು. ಐದನೆಯ ದಿನ ಬೆಳಿಗ್ಗೆ ಹೋಗಿಬಿಟ್ಟರು.

ಈಗ ಲ್ಯಾಬಿಗೆ ದೊಡ್ಡ ಯಂತ್ರ ಬಂದಿದೆ. ಅದಕ್ಕೆ ಅನುಮಾನ ಬಂದ ಸ್ಲೈಡುಗಳನ್ನು ಮಾತ್ರ ನಾನು ಎಣಿಸುತ್ತೇನೆ, ದಿನಕ್ಕೆ ನಾಲ್ಕೋ ಐದೋ. ನೂರು ಮುಗಿದೊಡನೆ ತಲೆ ತಾನಾಗಿ ಪಕ್ಕಕ್ಕೆ ತಿರುಗುತ್ತದೆ, ಎಷ್ಟು ಬಂತು ಎಂದು ಯಾರೋ ಕೇಳುತ್ತಾರೆ ಎಂಬಂತೆ. ಆಮೇಲೆ ಬಂದದ್ದನ್ನು ಬರೆಯುತ್ತೇನೆ.