ವಾಸನೆಯಿಲ್ಲದ ಕೋಳಿ

ಇದನ್ನು ಹೇಳದೆ ಮುಂದೂಡುತ್ತಲೇ ಬಂದೆ. ಮೊದಲು ಮಕ್ಕಳು ಚಿಕ್ಕವರು ಎಂದುಕೊಂಡೆ. ಅವರು ದೊಡ್ಡವರಾದ ಮೇಲೆ ಅಪ್ಪನ ಮರ್ಯಾದೆಯ ಪ್ರಶ್ನೆ ಬಂತು. ಈಗ ಮರ್ಯಾದೆಯೂ ನನ್ನ ಹಲ್ಲುಗಳಂತೆ ಅಲ್ಲೊಂದು ಇಲ್ಲೊಂದು ಉಳಿದಿರುವುದರಿಂದ ಹೇಳಿಬಿಡುತ್ತೇನೆ. ಐವತ್ತರ ದಶಕದಲ್ಲಿ, ವಡಾಲದ ಒಂದು ಚಾಳಿನಲ್ಲಿ, ನಾನೊಂದು ಇಡೀ ಕೋಳಿ ಬೇಯಿಸಿದೆ.

ಖೋಲಿ ಬಾಡಿಗೆಗೆ ಕೊಡುವಾಗ ಮಾಲೀಕರು ಹಾಕಿದ್ದು ಒಂದೇ ಷರತ್ತು: ಮೀನು, ಮಾಂಸ ಮೆಟ್ಟಿಲು ಹತ್ತಬಾರದು; ಹತ್ತಿದರೆ ನಾವು ಇಳಿಯಬೇಕು. ನಾನು ಉಡುಪಿ ಕಡೆಯವನೆಂದೆ. ಅಷ್ಟಕ್ಕೇ ಅವರು ನನ್ನನ್ನು ಸಸ್ಯಾಹಾರಿಯೆಂದು ನಂಬಿದರು. ಊರಿನ ಹೋಟೆಲುಗಳು ಗಳಿಸಿಟ್ಟ ಪುಣ್ಯವನ್ನು ನಾನು ಖರ್ಚು ಮಾಡಿದೆ.

ಹೆಂಡತಿಗೆ ಏಳು ತಿಂಗಳಾದಾಗ ಕೋಳಿಯ ಬಯಕೆಯಾಯಿತು. ಹೋಟೆಲಿನಿಂದ ತಂದದ್ದು ಸೇರಲಿಲ್ಲ. ಮೆಟ್ರಿಕ್ ಪಾಸಾದವನಲ್ಲವೆ, ತರ್ಕಕ್ಕೆ ಕುಳಿತೆ. ಕಡಿದರೆ ಸದ್ದು, ತೆಂಗಿನಕಾಯಿ ಹುರಿದು ಅರೆದರೆ ಘಮ. ಆಫೀಸಿನ ಸಾಹೇಬರ ಮೇಜಿನ ಮೇಲೆ ಕಂಡಿದ್ದ ಕೋಳಿಗೆ ಇವೆರಡೂ ಇರಲಿಲ್ಲ. ಇಡಿಯಾಗಿ ಬೆಣ್ಣೆ, ಉಪ್ಪು, ಕಾಳುಮೆಣಸು ಸವರಿ, ಸುತ್ತ ಬಟಾಟೆ, ಗಜ್ಜರಿ, ಈರುಳ್ಳಿ ಜೋಡಿಸಿ, ಮುಚ್ಚಳದ ಅಂಚಿಗೆ ಗೋಧಿಹಿಟ್ಟು ಮೆತ್ತಿ, ಮೇಲೂ ಕೆಳಗೂ ಕೆಂಡವಿಟ್ಟರೆ ವಾಸನೆ ಹೊರಗೆ ಹೋಗುವುದಾದರೂ ಎಲ್ಲಿಂದ?

"ಸಾಹೇಬರ ಅಡಿಗೆ ಮಾಡ್ಲಿಕ್ಕೆ ಹೋಗಿ ನಮ್ಮನ್ನು ಬೀದಿಗೆ ಹಾಕ್ತೀರಿ ಮಾರಾಯ್ರೆ" ಎಂದಳು ಹೆಂಡತಿ.

ನಮ್ಮಲ್ಲಿದ್ದ ಪಾತ್ರೆಗಳೆಲ್ಲ ತೆಳು. ಪಕ್ಕದ ಖೋಲಿಯಲ್ಲಿ ಧಾರವಾಡದ ಕಡೆಯ ವಿಧವೆಯೊಬ್ಬರು ಹಪ್ಪಳ ಲಟ್ಟಿಸಿ ಮಾರಿ ಒಬ್ಬರೇ ಬದುಕುತ್ತಿದ್ದರು. ಮೊಟ್ಟೆಯನ್ನೂ ಮುಟ್ಟದವರು; ನನ್ನನ್ನು ತಮ್ಮಾ ಎನ್ನುತ್ತಿದ್ದರು. ಗೆಣಸು ಸುಡುವುದಕ್ಕೆಂದು ಸುಳ್ಳು ಹೇಳಿ ಅವರ ದಪ್ಪ ಹಿತ್ತಾಳೆ ಪಾತೇಲಿ ಕೇಳಿದೆ. "ಕಲಾಯಿ ಹೊಸಾದೈತಿ, ಹೊತ್ತಸಬ್ಯಾಡ" ಎಂದು ತೊಳೆದೇ ಕೊಟ್ಟರು.

ಭಾನುವಾರ ಮಧ್ಯಾಹ್ನ ಚೀಲದ ತಳದಲ್ಲಿ ಕೋಳಿ, ಮೇಲೆ ಸೊಪ್ಪಿನ ಸಮೇತ ಗಜ್ಜರಿ ಇಟ್ಟುಕೊಂಡು ಮೆಟ್ಟಿಲು ಹತ್ತಿದೆ. ಎದುರಾದ ಮಾಲೀಕರು ಗಜ್ಜರಿ ಕಣ್ಣಿಗೆ ಒಳ್ಳೆಯದೆಂದು ಮೆಚ್ಚಿಕೊಂಡರು. ಅವರ ಕಣ್ಣು ಅಷ್ಟು ಚೆನ್ನಾಗಿಲ್ಲದ್ದು ನನ್ನ ಅದೃಷ್ಟ. ಮೂಗಿನ ಬಗ್ಗೆ ನಾನು ಯೋಚಿಸಿರಲಿಲ್ಲ.

ಕಿಟಕಿ ಮುಚ್ಚಿ, ಊದಿನಕಡ್ಡಿ ಹಚ್ಚಿ ಇದ್ದಿಲೊಲೆಯ, ಅಂದರೆ ನಮ್ಮ ಶೇಗಡಿಯ, ಮುಂದೆ ಕುಳಿತೆವು. ಅರ್ಧ ಗಂಟೆ ಏನೂ ಇಲ್ಲ. ನನ್ನ ಜಾಣ್ಮೆಯನ್ನು ನಾನೇ ಹೊಗಳಿಕೊಳ್ಳುವಷ್ಟರಲ್ಲಿ ಒಣಗಿದ ಹಿಟ್ಟು ಚಟ್ ಎಂದು ಬಿರಿಯಿತು. ನೋಟವನ್ನು ಪರದೆ ತಡೆಯುತ್ತದೆ, ಮಾತನ್ನು ಗೋಡೆ ತಡೆಯುತ್ತದೆ. ಬೆಣ್ಣೆಯಲ್ಲಿ ಕೆಂಪಾಗುವ ಕೋಳಿಯ ಘಮವನ್ನು ತಡೆಯುವ ವಸ್ತು ಆ ಚಾಳಿನಲ್ಲಿರಲಿಲ್ಲ. ಒಂದೊಂದೇ ಬಾಗಿಲು ತೆರೆದುಕೊಂಡ ಸದ್ದು ಕೇಳಿಸಿತು. ಆಮೇಲೆ ಓಣಿಯಲ್ಲಿ ಚಪ್ಪಲಿಯ ಸದ್ದು. ಅದು ನಮ್ಮ ಬಾಗಿಲಿಗೇ ಬಂದು ನಿಂತಿತು.

ಮಾಲೀಕರು ಕೂಗಾಡಲಿಲ್ಲ. ಮುಚ್ಚಳ ತೆಗೆ ಎಂದರು. ತೆಗೆದೆ. ಬಟಾಟೆಗಳ ನಡುವೆ ಕಾಲೆತ್ತಿ ಮಲಗಿದ್ದ ಕೋಳಿ ಹೊಂಬಣ್ಣಕ್ಕೆ ತಿರುಗಿತ್ತು. ಅಷ್ಟು ಚಂದದ ಅಡಿಗೆಯನ್ನು ನಾನು ಮತ್ತೆಂದೂ ಮಾಡಿಲ್ಲ. ಹೆಂಡತಿ ಗೋಡೆ ಹಿಡಿದು ನಿಂತಿದ್ದಳು. ಈ ಸ್ಥಿತಿಯಲ್ಲಿ ಇವಳನ್ನು ಕರೆದುಕೊಂಡು ಎಲ್ಲಿಗೆ ಹೋಗಲಿ ಎಂದು ನಾನು ಯೋಚಿಸುತ್ತಿರುವಾಗಲೇ ನನ್ನ ನಾಲಗೆ ಕೆಲಸ ಮುಗಿಸಿಬಿಟ್ಟಿತ್ತು. ಪಾತ್ರೆ ನಮ್ಮದಲ್ಲ, ಹೆಸರು ನೋಡಿ ಎಂದೆ. ಪಕ್ಕದವರು ನಮ್ಮ ಒಲೆಯ ಮೇಲಿಡಲು ಕೊಟ್ಟದ್ದು ಎಂದೂ ಸೇರಿಸಿದೆ.

ಮಾಲೀಕರು ಬಗ್ಗಿ, ಪಾತೇಲಿಯ ಕಂಠದಲ್ಲಿ ಮರಾಠಿ ಅಕ್ಷರಗಳಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆದಿದ್ದ ಹೆಸರನ್ನು ಓದಿದರು. ಅವರನ್ನು ಕರೆಸಿ, ಇದು ನಿಮ್ಮದೇ ಎಂದು ಕೇಳಿದರು. ಆಕೆ ಕೋಳಿಯನ್ನು ನೋಡಿದರು, ನನ್ನ ಹೆಂಡತಿಯ ಹೊಟ್ಟೆಯನ್ನು ನೋಡಿದರು. ಹೌದು, ನನ್ನದೇ ಎಂದರು. ಆಮೇಲೆ ಮಾಲೀಕರಿಗೆ ತಿಳಿಯದ ಕನ್ನಡದಲ್ಲಿ ನನ್ನನ್ನು ಕೇಳಿದರು:

"ಗೆಣಸ ಬೆಂದಾವೇನು ತಮ್ಮಾ?"

ತಿಂಗಳ ಕೊನೆಗೆ ಅವರು ಖೋಲಿ ಬಿಟ್ಟು ಚೆಂಬೂರಿನ ನೆಂಟರ ಮನೆ ಸೇರಿದರು. ಪಾತೇಲಿ ಹಿಂದಿರುಗಿಸಲು ಹೋದರೆ ಬೇಡವೆಂದರು. ನಾವೂ ಆ ಕೋಳಿಯನ್ನು ತಿನ್ನಲಿಲ್ಲ. ಹೆಂಡತಿ ಮತ್ತೆ ಯಾವ ಬಯಕೆಯನ್ನೂ ಹೇಳಲಿಲ್ಲ. ಒಮ್ಮೆ ಸ್ಟೇಷನ್ನಿನಲ್ಲಿ ಆಕೆ ಹಪ್ಪಳದ ಚೀಲ ಹೊತ್ತು ಎದುರು ಬಂದಾಗ ನಾನು ಪೇಪರು ಬಿಡಿಸಿ ಮುಖ ಮುಚ್ಚಿಕೊಂಡೆ. ಪೇಪರು ತಲೆಕೆಳಗಾಗಿತ್ತು.

ಈಗ ಅಂಧೇರಿಯ ಮನೆಯಲ್ಲಿ ಸೊಸೆ ಕಿಟಕಿ ತೆರೆದಿಟ್ಟೇ ತರಕಾರಿಯ ಜೊತೆ ಇಡೀ ಕೋಳಿ ಬೇಯಿಸುತ್ತಾಳೆ. ಯಾರೂ ಬಂದು ಬಾಗಿಲು ತಟ್ಟುವುದಿಲ್ಲ. ಆದರೂ ಆ ಘಮ ಬಂದಾಗ ನಾನೊಮ್ಮೆ ಬಾಗಿಲ ಕಡೆ ನೋಡುತ್ತೇನೆ. ಪಾತೇಲಿಯಲ್ಲಿ ನಾವು ಗೆಣಸು ಮಾತ್ರ ಬೇಯಿಸುತ್ತೇವೆ. ಅದರ ಮೇಲಿರುವುದು ಯಾರ ಹೆಸರೆಂದು ಮೊಮ್ಮಗಳು ಕೇಳಿದಾಗಲೆಲ್ಲ, ನಿಮ್ಮ ಮುತ್ತಜ್ಜಿಯದು ಎಂದು ತೇಲಿಸುತ್ತಿದ್ದೆ. ಚುಕ್ಕಿಗಳು ಸವೆದಿವೆ, ಆದರೂ ಬೆರಳಿಗೆ ಸಿಗುತ್ತವೆ. ಇವತ್ತು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿ ಹೇಳುತ್ತೇನೆ: ತುಂಗಾಬಾಯಿ.